ಸಾಲು ದಾಟುವ ಟಿಕೆಟ್ಟು

ಕಳೆದ ಬೇಸಿಗೆ ರಜೆಯಲ್ಲಿ ವಿಜಯನಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಅಣ್ಣನ ಇಬ್ಬರು ಮಕ್ಕಳು ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಲೇಬೇಕೆಂದು ಹಠ ಹಿಡಿದಿದ್ದರು. ಅಣ್ಣ ಮೊಬೈಲಿನಲ್ಲಿ ಟಿಕೆಟ್ ನೋಡುತ್ತ ಕೂತಿದ್ದ. ಮಾಮೂಲಿ ಟಿಕೆಟ್ ಒಂದು, ಫಾಸ್ಟ್ ಟ್ರ್ಯಾಕ್ ಎಂಬುದು ಇನ್ನೊಂದು. ಎರಡನೆಯದಕ್ಕೆ ದುಡ್ಡು ಬಹಳ ಹೆಚ್ಚು. ಅದು ಕೈಲಿದ್ದರೆ ರೈಡುಗಳ ಮುಂದೆ ಬೇರೆ ಸಾಲು, ಬೇಗ ಪ್ರವೇಶ. ಐದು ಜನಕ್ಕೆ ಲೆಕ್ಕ ಹಾಕಿ ಅಣ್ಣ ಸುಮ್ಮನಾದ. ಅತ್ತಿಗೆ, "ವರ್ಷಕ್ಕೊಂದ್ಸಲ ಹೋಗೋದು, ಮಕ್ಕಳನ್ನ ಕರ್ಕೊಂಡು ಬಿಸಿಲಲ್ಲಿ ನಿಲ್ಲೋಕಾ?" ಅಂದರು. ಹುರುಳಿಕಾಯಿ ನಾರು ತೆಗೆಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಕೇಳಿದರು: "ಬೇಗ ಹೋಗೋರ ಹತ್ರ ಜಾಸ್ತಿ ಇಸ್ಕೊಳ್ತಾರೆ ಸರಿ. ಅವರಿಂದ ತಡವಾಗೋರಿಗೆ ಅದರಲ್ಲಿ ಏನಾದ್ರೂ ವಾಪಸ್ ಕೊಡ್ತಾರಾ?"

ಎಲ್ಲರೂ ನಕ್ಕೆವು. ನಾನು ಮಾತ್ರ ಆ ಪ್ರಶ್ನೆಯನ್ನು ಹೊತ್ತುಕೊಂಡು ಬಂದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ರೈಡ್ ಗಂಟೆಗೆ 600 ಜನರನ್ನು ಕೂರಿಸಿಕೊಳ್ಳುತ್ತದೆ. ನಿಮ್ಮ ಮುಂದೆ 600 ಜನ ಇದ್ದಾರೆ. ಒಂದು ಗಂಟೆ ಕಾದರೆ ನಿಮ್ಮ ಸರದಿ. ಈಗ ಪಕ್ಕದ ಗೇಟಿನಿಂದ ಗಂಟೆಗೆ 200 ಜನ ಒಳಗೆ ಬರತೊಡಗಿದರು ಅನ್ನಿ. ನಿಮ್ಮ ಸಾಲಿಗೆ ಉಳಿದದ್ದು 400 ಸೀಟು. ಅದೇ 600 ಜನ ಕರಗುವುದಕ್ಕೆ ಈಗ ಒಂದೂವರೆ ಗಂಟೆ ಬೇಕು. ರೈಡ್ ಮೊದಲಿಗಿಂತ ಜೋರಾಗಿ ತಿರುಗಲಿಲ್ಲ, ಒಂದು ಸೀಟೂ ಹೆಚ್ಚಾಗಲಿಲ್ಲ. ಒಬ್ಬರು ಕಾಯಬೇಕಿದ್ದ ಹೊತ್ತನ್ನು ಇನ್ನೊಬ್ಬರು ಕಾದರು, ಅಷ್ಟೆ. ಆ ಅರ್ಧ ಗಂಟೆ ಸಾಲಿನಲ್ಲಿ ನಿಂತವರದು. ಅದನ್ನು ಮಾರಿದವರು ಬೇರೆಯವರು. ದೊಡ್ಡಮ್ಮ ಕೇಳಿದ್ದು ಇದನ್ನೇ. ಇನ್ನೂ ಒಂದು ಮಾತಿದೆ. ಮಾಮೂಲಿ ಸಾಲು ಉದ್ದವಾಗಿದ್ದರೆ ಮಾತ್ರ ಫಾಸ್ಟ್ ಟ್ರ್ಯಾಕಿಗೆ ಬೆಲೆ. ಪರೀಕ್ಷೆಯ ದಿನಗಳ ಮಂಗಳವಾರ, ಸಾಲೇ ಇಲ್ಲದ ಕಡೆ ಅದನ್ನು ಯಾರು ಕೊಳ್ಳುತ್ತಾರೆ? ಬೇಕೆಂದೇ ಸಾಲು ಬೆಳೆಸುತ್ತಾರೆಂದು ನಾನು ಹೇಳುತ್ತಿಲ್ಲ. ಸಾಲಿನಿಂದಲೇ ಆದಾಯ ಬರತೊಡಗಿದ ಮೇಲೆ ಅದನ್ನು ಕರಗಿಸುವ ಉಮೇದು ಯಾರಿಗಾದರೂ ಎಷ್ಟು ಉಳಿದೀತು ಎಂಬುದಷ್ಟೇ ನನ್ನ ಅನುಮಾನ.

ಇದು ಬಿಡದಿಯಲ್ಲಿ ಹುಟ್ಟಿದ ಉಪಾಯವಲ್ಲ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತವಾಗಿತ್ತು. ಒಳಗೆ ಬಂದ ಯಾರು ಬೇಕಾದರೂ ಚೀಟಿ ತೆಗೆದುಕೊಂಡು, ಅದರಲ್ಲಿ ನಮೂದಾದ ಹೊತ್ತಿಗೆ ವಾಪಸು ಬಂದು ರೈಡ್ ಹತ್ತಬಹುದಿತ್ತು. ನಮ್ಮ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಕೊಡುವ ಟೋಕನ್ನಿನ ಹಾಗೆ. 2021ರಲ್ಲಿ ಫ್ಲಾರಿಡಾ, ಕ್ಯಾಲಿಫೋರ್ನಿಯಾದ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆ ಬಂತು. ಈ ನಡುವೆ, 2013ರಲ್ಲಿ, ಸಿರಿವಂತ ಕುಟುಂಬಗಳು ಗಾಲಿಕುರ್ಚಿಯವರನ್ನು ಬಾಡಿಗೆಗೆ ಕರೆದೊಯ್ದು ಅವರ ನೆಪದಲ್ಲಿ ಸಾಲು ದಾಟುತ್ತಿದ್ದಾರೆಂಬ ವರದಿಗಳು ಬಂದು, ಡಿಸ್ನಿ ಅಂಗವಿಕಲರಿಗಿದ್ದ ಸವಲತ್ತಿನ ನಿಯಮವನ್ನೇ ಬದಲಿಸಬೇಕಾಯಿತು. ಆಟದ ಜಾಗದಲ್ಲಿ ಇಷ್ಟೆಲ್ಲ!

ಮೈಕೆಲ್ ಸ್ಯಾಂಡೆಲ್ 2012ರಲ್ಲಿ ಬರೆದ, ದುಡ್ಡು ಕೊಳ್ಳಲಾಗದ್ದರ ಬಗೆಗಿನ ಪುಸ್ತಕದ ಮೊದಲ ಅಧ್ಯಾಯವೇ ಸಾಲು ದಾಟುವುದರ ಬಗ್ಗೆ. ಅಮೆರಿಕದ ಕೆಲವು ಪಾರ್ಕುಗಳು ಹೆಚ್ಚು ದುಡ್ಡು ಕೊಟ್ಟವರನ್ನು ಹಿಂಬಾಗಿಲಿನಿಂದ ಒಳಗೆ ಬಿಡುತ್ತವೆ ಎಂಬುದನ್ನು ಅವನು ಗಮನಿಸುತ್ತಾನೆ. ಕಾಯುತ್ತಿರುವವರ ಕಣ್ಣಿಗೆ ಬೀಳಬಾರದು ಎಂಬ ಮುಜುಗರ ಅದು. ಸಾಲಿಗೊಂದು ನೀತಿಯಿದೆ, ಮಾರುಕಟ್ಟೆಗೆ ಇನ್ನೊಂದು, ಎರಡನೆಯದು ಮೊದಲನೆಯದರ ಜಾಗ ಕಬಳಿಸುತ್ತಿದೆ ಎಂಬುದು ಅವನ ವಾದ. ಒಪ್ಪುತ್ತೇನೆ. ಆದರೆ ಕನ್ನಡದಲ್ಲಿ ಕೂತು ಓದುವಾಗ ಒಂದು ಕಡೆ ತೊಡಕಾಗುತ್ತದೆ. ಸಾಲೆಂದರೆ ಎಲ್ಲರೂ ಸಮಾನರಾಗಿ ನಿಲ್ಲುವ ಜಾಗ ಎಂದು ಅವನು ಸಲೀಸಾಗಿ ಹಿಡಿದುಬಿಡುತ್ತಾನೆ. ನಮ್ಮಲ್ಲಿ ಸಾಲಿಗೆ ಇನ್ನೊಂದು ಹೆಸರು ಪಂಕ್ತಿ. ಆ ಹೆಸರಿನ ಬೆನ್ನಿಗೇ ಪಂಕ್ತಿಭೇದ ಎಂಬ ಮಾತೂ ಇದೆ. ಯಾರು ಯಾವ ಸಾಲಿನಲ್ಲಿ ಕೂರಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರು ಅಂಗಳ ದಾಟಬಾರದು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಮಠಗಳ ಊಟದ ಸಾಲಿನ ಬಗ್ಗೆ ಉಡುಪಿಯಲ್ಲಿ ಪ್ರತಿಭಟನೆ ನಡೆದದ್ದು ಅಜ್ಜನ ಕಾಲದಲ್ಲಲ್ಲ, ಈ ಶತಮಾನದಲ್ಲಿ.

ಹಾಗಾಗಿ ಬಸ್‌ಸ್ಟ್ಯಾಂಡು, ರೇಷನ್ ಅಂಗಡಿ, ಸಿನಿಮಾ ಟಾಕೀಸುಗಳ ಕ್ಯೂ ನಮಗೆ ಹೊಸದಾಗಿ ದಕ್ಕಿದ್ದು. ಮೊದಲು ಬಂದವನು ಮೊದಲು ಎಂಬ ನಿಯಮಕ್ಕೆ ನಿಮ್ಮ ಮನೆತನ ಬೇಕಾಗಿಲ್ಲ, ನೀವು ಎಷ್ಟೊತ್ತಿಗೆ ಬಂದಿರಿ ಎಂಬುದಷ್ಟೇ ಸಾಕು. ಉತ್ತರ ಕರ್ನಾಟಕದವರು ಅದನ್ನು ಪಾಳಿ ಹಚ್ಚುವುದು ಅನ್ನುತ್ತಾರೆ, ಪತ್ರಿಕೆಗಳು ಸರತಿ ಸಾಲು ಎಂದು ಬರೆಯುತ್ತವೆ. ಎರಡರಲ್ಲೂ ಮುಖ್ಯವಾದದ್ದು ಸರದಿ. ಬೆಂಗಳೂರಿನ ಸಾಲು ಎಂದೂ ಶಿಸ್ತಿನದಾಗಿರಲಿಲ್ಲ, ನಿಜ. ನುಗ್ಗುವವರಿದ್ದರು, ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವರಿದ್ದರು. ಆದರೆ ನುಗ್ಗಿದವನಿಗೆ ಹಿಂದಿನಿಂದ ಯಾರೋ "ಏನ್ ಸ್ವಾಮಿ, ನಾವೇನು ಇಲ್ಲಿ ಕಡ್ಲೆಪುರಿ ತಿನ್ನೋಕೆ ನಿಂತಿದೀವಾ?" ಎಂದು ಕೂಗಬಹುದಿತ್ತು. ಅವನು ಜಗಳಕ್ಕೆ ನಿಲ್ಲುತ್ತಿದ್ದ ಅಥವಾ ಹಲ್ಲು ಕಿರಿದು ಹಿಂದೆ ಸರಿಯುತ್ತಿದ್ದ. ಎರಡರಲ್ಲೂ ತಾನು ಮಾಡಿದ್ದು ತಪ್ಪೆಂಬ ಅರಿವು ಅವನಿಗಿರುತ್ತಿತ್ತು. ಫಾಸ್ಟ್ ಟ್ರ್ಯಾಕಿನವನಿಗೆ ಹಾಗೆ ಕೂಗಲು ಬರುವುದಿಲ್ಲ. ಅವನ ಕೈಯಲ್ಲಿ ರಸೀದಿ ಇದೆ. ಕೂಗಿದರೆ ಅಸಭ್ಯರಾಗುವವರು ನೀವೇ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇದಕ್ಕಿಂತ ಕುತೂಹಲವಿರುವುದು ಹೆಸರುಗಳ ಬಗ್ಗೆ. ಫಾಸ್ಟ್ ಟ್ರ್ಯಾಕ್, ಎಕ್ಸ್‌ಪ್ರೆಸ್, ಲೈಟ್ನಿಂಗ್ ಲೇನ್. ಎಲ್ಲವೂ ವೇಗದ ಮಾತುಗಳು. 'ಇತರರಿಗಿಂತ ಮುಂಚೆ' ಎಂಬ ಅರ್ಥ ಒಂದರಲ್ಲೂ ಕಾಣದು. ನಮ್ಮ ದೇವಸ್ಥಾನಗಳು ಇವರಿಗಿಂತ ಒಂದು ಹೆಜ್ಜೆ ಮುಂದೆ. ಥೀಮ್ ಪಾರ್ಕಿಗೆ ಎಂದೂ ಹೋಗದವರಿಗೂ ಈ ಎರಡು ಸಾಲುಗಳ ಪರಿಚಯವಾಗಿರುವುದು ಅಲ್ಲಿಯೇ. ತಿರುಪತಿಯ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ 300 ರೂಪಾಯಿಯ ಸಾಲು ಒಂದು, 1,000 ರೂಪಾಯಿಯ ಸಾಲು ಇನ್ನೊಂದು. ದುಡ್ಡು ಕೊಟ್ಟವರದು ವಿಶೇಷ ದರ್ಶನ, ಶೀಘ್ರ ದರ್ಶನ. ಕೊಡದವರದು? ಧರ್ಮದರ್ಶನ. ಈ ಪದವನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟು ನೋಡಿ. 'ಧರ್ಮಕ್ಕೆ ಸಿಕ್ಕಿದ್ದು' ಅಂದರೆ ಕನ್ನಡದಲ್ಲಿ ಬಿಟ್ಟಿ ಸಿಕ್ಕಿದ್ದು ಎಂದರ್ಥ. ಧರ್ಮಾಸ್ಪತ್ರೆ, ಧರ್ಮಛತ್ರ, ಧರ್ಮದೇಟು. ಎಲ್ಲರ ಪಾಲಿಗೂ ಇದ್ದ ಒಂದೇ ಸಾಲು, ಪಕ್ಕದಲ್ಲಿ ಇನ್ನೊಂದು ಬಂದ ಕೂಡಲೇ ದಾನದ ಸಾಲಾಯಿತು. ಪಾರ್ಕಿನಲ್ಲೂ ಅಷ್ಟೆ. ಟಿಕೆಟ್ಟಿಗೆ ದುಡ್ಡು ಕೊಟ್ಟೇ ಒಳಗೆ ಬಂದವರು ಫಾಸ್ಟ್ ಟ್ರ್ಯಾಕಿನ ಪಕ್ಕದಲ್ಲಿ ಹೇಗೋ ಪುಕ್ಕಟೆ ಬಂದವರ ಹಾಗೆ ಕಾಣತೊಡಗುತ್ತಾರೆ.

ಕನಕನ ಕಿಂಡಿಯ ಐತಿಹ್ಯ ನೆನಪಾಗುತ್ತದೆ. ಒಳಗೆ ಬಿಡದವನ ಕಡೆಗೆ ದೇವರೇ ತಿರುಗಿದ ಕತೆ. ಕುವೆಂಪು ಅವರ 'ಜಲಗಾರ' ನಾಟಕದಲ್ಲಿ ಗುಡಿಯ ಹೊರಗುಳಿದ ಜಾಡಮಾಲಿಯ ಬಳಿಗೆ ಶಿವನೇ ಜಲಗಾರನಾಗಿ ಬರುತ್ತಾನೆ. ನಮ್ಮ ಕಲ್ಪನೆಯಲ್ಲಿ ಸಾಲು ಮುರಿದವನು ದೇವರು, ಅದೂ ಹಿಂದಿದ್ದವರಿಗಾಗಿ. ಮುಂದಿದ್ದವರಿಗಾಗಿ ಮುರಿಯುವುದನ್ನು ನಾವು ಆಡಳಿತ ಮಂಡಳಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ದೇವಸ್ಥಾನಗಳ ವಿಐಪಿ ದರ್ಶನದ ವಿರುದ್ಧದ ಅರ್ಜಿಯೊಂದು ಸುಪ್ರೀಂ ಕೋರ್ಟಿಗೂ ಹೋಗಿತ್ತು. 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ವಿಶೇಷ ಉಪಚಾರ ಸಲ್ಲದು ಎಂದು ತಮಗೆ ಅನ್ನಿಸಬಹುದಾದರೂ ಇದನ್ನು ತೀರ್ಮಾನಿಸಬೇಕಾದವರು ಸಮಾಜ ಮತ್ತು ದೇವಸ್ಥಾನದ ಆಡಳಿತ ಎಂಬರ್ಥದ ಮಾತು ಅಲ್ಲಿ ಬಂತು.

ಈಗ ಅತ್ತಿಗೆಯ ಪರವಾಗಿ. ರೈಲಿನಲ್ಲಿ ಫಸ್ಟ್ ಕ್ಲಾಸ್ ಇಲ್ಲವೇ, ಹೋಟೆಲಿನಲ್ಲಿ ಏಸಿ ಕೋಣೆಗೆ ಹೆಚ್ಚು ದರ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ಏಸಿ ಕೋಣೆಯಲ್ಲಿ ಕೂತವನು ನನ್ನ ಮಸಾಲೆದೋಸೆಯನ್ನು ಎತ್ತಿಕೊಂಡು ಹೋಗುವುದಿಲ್ಲ. ಅವನು ಕೊಂಡದ್ದು ತಂಪು. ಪಾರ್ಕಿನಲ್ಲಿ ಸೀಟು ಅದೇ, ಕುಲುಕಾಟ ಅದೇ, ಕೊಂಡದ್ದು ನನ್ನ ಸರದಿ. ಇನ್ನೊಂದು ವಾದ ಇದಕ್ಕಿಂತ ಗಟ್ಟಿ: ಯಾರಿಗೆ ಸಮಯಕ್ಕೆ ಬೆಲೆಯಿದೆಯೋ ಅವರು ಕೊಡಲಿ ಬಿಡಿ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ವಾರಕ್ಕೊಂದೇ ರಜೆಯಿರುವ ಹೆಣ್ಣುಮಗಳು ವರ್ಷವಿಡೀ ದುಡ್ಡು ಕೂಡಿಟ್ಟು ಮಕ್ಕಳನ್ನು ಕರೆತಂದಿದ್ದರೆ, ಆ ಒಂದು ದಿನಕ್ಕಿಂತ ಬೆಲೆಬಾಳುವ ಸಮಯ ಬೇರೆ ಯಾರದಿದೆ? ಅವಳ ಬಳಿ ಇಲ್ಲದಿರುವುದು ದುಡ್ಡು. ಅವಸರ ಅವಳಿಗೇ ಹೆಚ್ಚು.

ಇಷ್ಟಾದರೂ ನನ್ನ ಮುಖ್ಯ ತಕರಾರು ಸಮಾನತೆಯದಲ್ಲ. ಸಾಲು ಯಾರದು ಎಂಬುದರದು. ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಕೆಂಗೇರಿಯ ವಠಾರವೊಂದರಲ್ಲಿ ಎಂಟು ಮನೆಗೆ ಒಂದೇ ನಲ್ಲಿಯಂತೆ. ನೀರು ಬರುವ ಮುಂಚೆಯೇ ಬಿಂದಿಗೆಗಳು ಸಾಲಾಗಿ ಕೂತಿರುತ್ತಿದ್ದವು. ಬಿಂದಿಗೆ ಇಟ್ಟು ಒಳಗೆ ಹೋಗಿ ಒಗ್ಗರಣೆ ಹಾಕಿಬರಬಹುದಿತ್ತು. ನನಗೆ ಗೊತ್ತಿರುವ ಅತ್ಯಂತ ಹಳೆಯ ಫಾಸ್ಟ್‌ಪಾಸ್ ಅದು. ಬಾಣಂತಿ ಇದ್ದ ಮನೆಯ ಬಿಂದಿಗೆಯನ್ನು ಉಳಿದವರೇ ಎತ್ತಿ ಮುಂದಿಡುತ್ತಿದ್ದರು. ಇನ್ನೊಬ್ಬಾಕೆ ಕಳ್ಳತನದಿಂದ ಮುಂದೆ ಸರಿಸಿದರೆ ಮೂರು ದಿನ ಮಾತು ಬಿಡುತ್ತಿದ್ದರು. ವಠಾರವನ್ನು ನಾನು ವೈಭವೀಕರಿಸುತ್ತಿಲ್ಲ, ಅಮ್ಮನಿಗೆ ಈಗಲೂ ಆ ನಲ್ಲಿಯ ಹೆಸರೆತ್ತಿದರೆ ಆಗುವುದಿಲ್ಲ. ಹೇಳಬೇಕಾದದ್ದು ಇಷ್ಟು: ದಾರಿ ಬಿಡುವ ಹಕ್ಕು, ಬಿಡದಿರುವ ಹಕ್ಕು, ಎರಡೂ ಸಾಲಿನಲ್ಲಿದ್ದವರ ಕೈಯಲ್ಲಿತ್ತು. "ಪಾಪ, ಕೂಸಿದೆ, ಹೋಗ್ಲಿ ಬಿಡ್ರಪ್ಪ" ಎನ್ನಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಫಾಸ್ಟ್ ಟ್ರ್ಯಾಕ್ ಬಂದ ಮೇಲೆ ಆ ಹಕ್ಕು ಕೌಂಟರಿಗೆ ಹೋಯಿತು. ನಾವು ದಿನವಿಡೀ ದಾರಿ ಬಿಡುತ್ತೇವೆ, ಆದರೆ ಬಿಟ್ಟವರು ನಾವಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಕುಡಿಯುವ ನೀರಿನ ಘಟಕಗಳ ಮುಂದೆ ಕ್ಯಾನುಗಳು ಸಾಲಾಗಿ ಕೂತಿದ್ದವು. ಹೆಚ್ಚು ಕೊಟ್ಟವರ ಬೀದಿಗೆ ಟ್ಯಾಂಕರ್ ಮೊದಲು ಹೋಗುತ್ತಿತ್ತು. ಕೊನೆಗೆ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಜಾರುಬಂಡೆಯ ಮುಂದೆ ಕಲಿತ ಪಾಠ ಜಾರುಬಂಡೆಯ ಮುಂದೆಯೇ ನಿಲ್ಲುವುದಿಲ್ಲ ಎಂಬ ನನ್ನ ಅಳುಕಿಗೆ ಕಾರಣ ಇದು.

ರಷ್ಯಾದ ವ್ಲಾದಿಮಿರ್ ಸೊರೊಕಿನ್‌ನ ಒಂದು ಕಾದಂಬರಿ ಪೂರ್ತಿ ಸಾಲಿನಲ್ಲಿ ನಿಂತವರ ಮಾತುಗಳಿಂದಲೇ ಕಟ್ಟಿದ್ದು. 1985ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಅಚ್ಚಾಯಿತು. ಯಾವ ವಸ್ತುವಿಗಾಗಿ ನಿಂತಿದ್ದಾರೆಂಬುದೇ ಸ್ಪಷ್ಟವಿಲ್ಲ. ಆದರೂ ಅಲ್ಲಿ ಜಗಳ, ಪ್ರೇಮ, ಹಸಿವು ಎಲ್ಲ ಇದೆ. ಫಾಸ್ಟ್ ಟ್ರ್ಯಾಕ್ ಸಾಲಿನ ಬಗ್ಗೆ ಅಂಥ ಕಾದಂಬರಿ ಬರೆಯಲಾಗದು. ಅಲ್ಲಿ ಯಾರೂ ಯಾರೊಂದಿಗೂ ಮಾತಾಡುವಷ್ಟು ಹೊತ್ತು ನಿಲ್ಲುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಬಸವೇಶ್ವರನಗರದಲ್ಲಿರುವ ನನ್ನ ಅಜ್ಜಿಗೆ ಮಂಡಿನೋವು. ಎರಡು ವರ್ಷದ ಹಿಂದೆ ಅವರನ್ನು ಊರಾಚೆಯ ಒಂದು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಸಾಲು ಗೋಪುರದಾಚೆಗೂ ಬೆಳೆದಿತ್ತು. ನಾನು ಹೆಚ್ಚು ಯೋಚಿಸದೆ ವಿಶೇಷ ದರ್ಶನದ ಎರಡು ಟಿಕೆಟ್ ತಂದೆ. ಅಜ್ಜಿಯ ಕಾಲು ತೋರಿಸಿ ಕೇಳಿದ್ದರೆ ಸಾಲಿನವರು ದಾರಿ ಬಿಡುತ್ತಿದ್ದರೇನೋ. ಕೇಳಲು ನಾಚಿಕೆಯಾಯಿತು, ಕೊಳ್ಳಲು ಆಗಲಿಲ್ಲ. ಎರಡು ಸಾಲಿನ ನಡುವೆ ಸ್ಟೀಲ್ ಪೈಪುಗಳು ಮಾತ್ರ. ಗರ್ಭಗುಡಿಯ ಹತ್ತಿರ ಎರಡೂ ಕೂಡುವ ಕಡೆ ಆಚೆಗೆ ಅಜ್ಜಿಯಷ್ಟೇ ವಯಸ್ಸಿನ ಒಬ್ಬ ಹೆಂಗಸು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, "ಎಷ್ಟೊತ್ತಿಗೆ ಬಂದ್ರವ್ವಾ ನೀವು?" ಎಂದು ಕೇಳಿದರು.

"ಬೆಳಗ್ಗೆಯಿಂದ ನಿಂತಿದೀವಿ ಕಣಮ್ಮ," ಅಂದರು ಅಜ್ಜಿ.

ನಾವು ಬಂದು ಇಪ್ಪತ್ತು ನಿಮಿಷವಾಗಿತ್ತು. ಅಜ್ಜಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ವಾಪಸು ಬರುವಾಗ ಬಸ್ಸಿನಲ್ಲಿ ಪ್ರಸಾದದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಕೆಂಗೇರಿ ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಆವಮ್ಮಂಗೆ ಮಂಗಳಾರತಿ ಸಿಕ್ತೋ ಇಲ್ವೋ?"