ಮಣ್ಣಿನ ಕುಸ್ತಿ, ಮ್ಯಾಟ್ ಕುಸ್ತಿ: ಜಗಳ ನೆಲದ್ದಲ್ಲ

ಬಳ್ಳಾರಿ ಸೀಮೆಯಲ್ಲಿ ಇವತ್ತು ಎರಡು ಕುಸ್ತಿಗಳಿವೆ. ಒಂದು, ಜಾತ್ರೆ ಉರುಸುಗಳಲ್ಲಿ ಹದ ಮಾಡಿದ ಮಣ್ಣಿನ ಮೇಲೆ ನಡೆಯುವ ಜಂಗಿ ಕುಸ್ತಿ. ಇನ್ನೊಂದು, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯು 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಒಲಿಂಪಿಕ್ಸ್ ಪದಕವನ್ನೇ ಗುರಿಯಾಗಿಸಿ ಕಲಿಸುವ ಮ್ಯಾಟ್ ಕುಸ್ತಿ. ಗರಡಿ ಮನೆಯ ಅಭಿಮಾನಿಗಳ ಪ್ರಕಾರ ಮ್ಯಾಟ್ ಬಂದು ಕಲೆ ಸತ್ತಿತು, ಉಳಿದದ್ದು ಅಂಕದ ಲೆಕ್ಕ ಮಾತ್ರ. ಮ್ಯಾಟಿನ ಕಡೆಯವರ ಪ್ರಕಾರ ಮಣ್ಣಿನ ಕಾಲ ಮುಗಿಯಿತು, ಅದು ಜಾತ್ರೆಯ ಮನರಂಜನೆಗಷ್ಟೇ ಸರಿ. ಇಬ್ಬರೂ ನೆಲವನ್ನು ಹಿಡಿದು ಜಗಳವಾಡುತ್ತಿದ್ದಾರೆ. ಕುಸ್ತಿಯ ಸ್ವರೂಪವನ್ನು ತೀರ್ಮಾನಿಸುವುದು ಅದರ ನಿಯಮ, ಆ ನಿಯಮವನ್ನು ಮಾಡುವ ಕೈ. ಪರಂಪರೆ ಉಳಿಯಬೇಕು ಎನ್ನುವವರು ಹಿಡಿಯಬೇಕಾದ್ದು ಆ ಕೈಯನ್ನು.

ಪರಂಪರೆ ಎಂದೋ ಶುದ್ಧವಾಗಿತ್ತು, ಸ್ಪರ್ಧೆ ಬಂದು ಕೆಡಿಸಿತು ಎಂಬ ನಂಬಿಕೆಗೆ ನಮ್ಮ ಚರಿತ್ರೆಯಲ್ಲೇ ಆಧಾರವಿಲ್ಲ. ನಮ್ಮ ಸೀಮೆಯ ಕುರುಗೋಡಿನಿಂದ ಆಳಿದ ಸಿಂದರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಮೀಸಲಾದ ಭಾಗವಿದೆ. ಅದರ ಪ್ರಕಾರ ವಯಸ್ಸು, ಮೈಕಟ್ಟು, ಪಳಗಿಕೆಗಳನ್ನು ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಬೇಕು. ಭಾರ ಎತ್ತುವುದು, ನಡಿಗೆ, ಈಜು, ಕಂಬದ ಸಾಮು ಇವೆಲ್ಲ ಆಗಬೇಕು. ಉದ್ದು, ಮಾಂಸ, ಹಾಲು, ಮೊಸರಿನ ಆಹಾರ ಕೊಡಬೇಕು. ಇವತ್ತಿನ ಕ್ರೀಡಾ ವಸತಿ ನಿಲಯದ ವೇಳಾಪಟ್ಟಿಗೂ ಇದಕ್ಕೂ ಎಷ್ಟು ದೂರ? ಅದೇ ಗ್ರಂಥ ಈ ಕಾಳಗವನ್ನು ಸೇರಿಸಿರುವುದು ರಾಜನ ವಿನೋದಗಳ ಸಾಲಿನಲ್ಲಿ, ಕೋಳಿ ಅಂಕ ಟಗರು ಕಾಳಗಗಳ ಜೊತೆಗೆ. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ ಕುಸ್ತಿಗೆ ಪ್ರೇಕ್ಷಕರಿದ್ದರು, ಪೋಷಕನಿದ್ದ, ಗೆಲುವು ಸೋಲುಗಳಿದ್ದವು.

ವಿಜಯನಗರಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಜಟ್ಟಿಗಳು ಕೆತ್ತನೆಯಾಗಿದ್ದಾರೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ನವರಾತ್ರಿಯ ಕುಸ್ತಿಯ ಬಗ್ಗೆ ಅವನು ಕೊಡುವ ವಿವರ ಮಾತ್ರ ಮೈ ನಡುಗಿಸುವಂಥದ್ದು: ಹೊಡೆತಕ್ಕೆ ಹಲ್ಲು ಉದುರುತ್ತವೆ, ಕಣ್ಣು ಹೋಗುತ್ತದೆ, ಮುಖ ವಿಕಾರವಾಗುತ್ತದೆ, ಮಾತು ನಿಂತವರನ್ನು ಗೆಳೆಯರು ಹೊತ್ತು ಒಯ್ಯುತ್ತಾರೆ. ಇಬ್ಬರನ್ನೂ ಸಮನಾಗಿ ನಿಲ್ಲಿಸಿ ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರೂ ಇದ್ದರಂತೆ. ಇಂದಿನ ಮಣ್ಣಿನ ನಾಡಕುಸ್ತಿಯಲ್ಲಿ ಗುದ್ದು ನಿಷಿದ್ಧ. ಹಾಗಾದರೆ ಗುದ್ದು ಬಿಟ್ಟ ಗರಡಿ ಪರಂಪರೆಯನ್ನು ಕೆಡಿಸಿತೆ? ಇಲ್ಲ. ಆ ಒಂದು ನಿಯಮ ಬದಲಾದದ್ದರಿಂದ ಪಟ್ಟುಗಳು ಬೆಳೆದವು, ಕಣ್ಣಿಗಿಂತ ಕೈ ಚುರುಕಾಯಿತು, ರೈತರ ಮಕ್ಕಳು ಅಂಗವಿಕಲರಾಗದೆ ಆಡಬಹುದಾದ ವಿದ್ಯೆ ಅದಾಯಿತು.

ಹಳೆಯ ನಿಯಮವನ್ನು ಒಂದಿಷ್ಟೂ ಮುಟ್ಟದೆ ಕಾಪಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿದ ಜಟ್ಟಿಗಳು ಮುಷ್ಟಿಗೆ ಆಯುಧ ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಬಹುಪಾಲು ಕ್ಷಣಗಳ ಮಾತು. ಅದರ ಗಾಂಭೀರ್ಯದ ಬಗ್ಗೆ ನನಗೆ ಗೌರವವಿದೆ, ಆ ಮನೆತನಗಳ ನಿಷ್ಠೆಯ ಬಗ್ಗೆ ಇನ್ನೂ ಹೆಚ್ಚು. ಆದರೆ ಅದು ಇವತ್ತು ಒಂದು ವಿಧಿ. ವರ್ಷಕ್ಕೊಮ್ಮೆ ನೆರವೇರುವ ವಿಧಿ ಊರಿನ ಹುಡುಗನೊಬ್ಬನ ಮೈ ಕಟ್ಟಲಾರದು.

ಸ್ಪರ್ಧೆ ವಿದ್ಯೆಯನ್ನು ಕುಗ್ಗಿಸುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಖಂಡಿತ ಕುಗ್ಗಿಸುತ್ತದೆ. ಕೊರಿಯಾದ ಟೇಕ್ವಾಂಡೊ ಇದನ್ನು ಚೆನ್ನಾಗಿಯೇ ಅನುಭವಿಸಿದೆ. ಅದು ಎರಡು ಒಕ್ಕೂಟಗಳಾಗಿ ಒಡೆಯಿತು: 1966ರಲ್ಲಿ ಚೊಯ್ ಹಾಂಗ್ ಹಿ ಕಟ್ಟಿದ ಒಕ್ಕೂಟ ಒಂದು ಕಡೆ, 1973ರಲ್ಲಿ ಹುಟ್ಟಿ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಪದಕದ ಕ್ರೀಡೆಯಾಗಿ ಅದನ್ನು ಒಯ್ದ ವಿಶ್ವ ಒಕ್ಕೂಟ ಇನ್ನೊಂದು ಕಡೆ. 2012ರ ಲಂಡನ್‌ನಲ್ಲಿ ಎದೆಗವಚಕ್ಕೆ ವಿದ್ಯುನ್ಮಾನ ಸಂವೇದಕ ಬಂದ ಮೇಲೆ ಆಟಗಾರರು ಮುಂಗಾಲನ್ನು ಎತ್ತಿ ಹಿಡಿದು ಕವಚಕ್ಕೆ ತಾಗಿಸುವುದನ್ನೇ ರೂಢಿ ಮಾಡಿಕೊಂಡರು. ಬಲವಾದ ಒದೆತದ ಸೊಬಗು ಹೋಯಿತೆಂದು ಜಗತ್ತಿನೆಲ್ಲೆಡೆ ದೂರು ಕೇಳಿಬಂತು. ಮುಂದೆ ತಿರುಗಿ ಒದೆಯುವುದಕ್ಕೆ ಹೆಚ್ಚು ಅಂಕವಿಟ್ಟು ನಿಯಮ ತಿದ್ದಿದರು. ಕುಸ್ತಿಯಲ್ಲೂ ಹೀಗೇ ಆಯಿತು. ಒಂದು ಕಾಲಕ್ಕೆ ಎರಡೆರಡು ನಿಮಿಷದ ಸುತ್ತುಗಳು. ಸುತ್ತು ಸಮವಾದರೆ ಚೀಲದಿಂದ ಬಣ್ಣದ ಚೆಂಡೆತ್ತಿ, ಯಾರ ಬಣ್ಣ ಬಂತೋ ಅವರಿಗೆ ಎದುರಾಳಿಯ ಕಾಲು ಹಿಡಿಯುವ ಅವಕಾಶ. ಅದೃಷ್ಟವೇ ಜಟ್ಟಿಯಾಗಿತ್ತು! 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನೇ ಕೈಬಿಡಲು ಶಿಫಾರಸು ಮಾಡಿದಾಗ ಕುಸ್ತಿಯ ಜಾಗತಿಕ ಒಕ್ಕೂಟ ಎಚ್ಚೆತ್ತು, ಮೂರು ನಿಮಿಷದ ಎರಡು ಸುತ್ತುಗಳಿಗೆ ಮರಳಿ, ಒಟ್ಟು ಅಂಕದ ಲೆಕ್ಕ ತಂದು, ಸುಮ್ಮನೆ ತಳ್ಳಾಡುವವರನ್ನು ದಂಡಿಸಿತು. ಸೆಪ್ಟೆಂಬರಿನಲ್ಲಿ ಕುಸ್ತಿ ಒಲಿಂಪಿಕ್ಸ್‌ಗೆ ಮರಳಿತು. ಮ್ಯಾಟ್ ಅದೇ ಮ್ಯಾಟ್. ನಿಯಮ ತಿದ್ದಿದ ಮೇಲೆ ಆಟಕ್ಕೆ ಜೀವ ಬಂತು.

ಮಣ್ಣಿನಲ್ಲಿ ಸಿಗುವ ದಮ್ಮು ಮ್ಯಾಟಿನಲ್ಲಿಲ್ಲ ಎಂಬ ಆಕ್ಷೇಪದಲ್ಲಿ ತಿರುಳಿದೆ. ಜಂಗಿ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರಷ್ಟೇ ಗೆಲುವು. ಬೋರಲು ಬಿದ್ದವನು ಸೋತವನಲ್ಲ; ಮೊಣಕೈ ಊರಿ, ಗದ್ದವನ್ನು ಎದೆಗೆ ಒತ್ತಿ, ಮೇಲಿನವನ ಉಸಿರು ಸೋಲುವ ತನಕ ಕಾಯಬಹುದು. ಮ್ಯಾಟಿನಲ್ಲಿ ಕೆಡವಿದರೇ ಎರಡು ಅಂಕ, ಬೆನ್ನು ನೆಲದತ್ತ ವಾಲಿದರೆ ಮತ್ತೆರಡು, ಗೆರೆ ದಾಟಿದರೆ ಒಂದು. ಹತ್ತು ಅಂಕದ ಅಂತರವಾದರೆ ಫ್ರೀಸ್ಟೈಲ್ ಕುಸ್ತಿ ಅಲ್ಲಿಗೇ ಮುಗಿಯಿತು. ಒಂದು ತಾಳ್ಮೆಯನ್ನು ಕಲಿಸಿದರೆ ಇನ್ನೊಂದು ಚುರುಕನ್ನು ಕಲಿಸುತ್ತದೆ. ಒಂದೇ ಮೈಗೆ ಎರಡೂ ಒಗ್ಗುವುದಿಲ್ಲವೆಂಬುದು ಮಾತ್ರ ಸುಳ್ಳು. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಕೆ. ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ಮ್ಯಾಟ್ ಹೊಸದು. ಆರನೇ ಸ್ಥಾನ ಬಂತು. ಆ ನಿಯಮಗಳನ್ನು ಅಭ್ಯಾಸ ಮಾಡಿ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು.

ನಿಜವಾದ ನಷ್ಟ ಬೇರೆ ಕಡೆ ಆಗಿದೆ. ಕ್ರೀಡಾ ಸಂಸ್ಥೆ ಆಯ್ಕೆ ಮಾಡುತ್ತದೆ, ಆಯ್ಕೆಯಾಗದವರನ್ನು ಮನೆಗೆ ಕಳಿಸುತ್ತದೆ. ಪದಕವೇ ಗುರಿಯಾದ ಮೇಲೆ ಅದು ತಪ್ಪೂ ಅಲ್ಲ. ಗರಡಿ ಮನೆ ಹಾಗಿರಲಿಲ್ಲ. ಹನುಮಪ್ಪನ ಪಟಕ್ಕೆ ಕೈ ಮುಗಿದು ದಂಡ ಬಸ್ಕಿ ಹೊಡೆಯುವವರಲ್ಲಿ ಎಂದೂ ಕಣಕ್ಕೆ ಇಳಿಯದವರೇ ಹೆಚ್ಚು. ಹಮಾಲಿ ಮಾಡುವವನೂ, ಕಾಲೇಜು ಹುಡುಗನೂ, ಮುಪ್ಪಾದ ಉಸ್ತಾದರೂ ಒಂದೇ ಮಣ್ಣು ಅಗೆದು ಹಸನು ಮಾಡುತ್ತಿದ್ದರು. ಸೋತವನಿಗೂ ಮರುದಿನ ಬೆಳಗ್ಗೆ ಅಲ್ಲಿ ಜಾಗವಿತ್ತು. ಮ್ಯಾಟ್ ಇದನ್ನು ಕಸಿಯಲಿಲ್ಲ. ಪೋಷಣೆ ನಿಂತದ್ದು ಕಸಿಯಿತು. ಮಾಜಿ ಪೈಲ್ವಾನರಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ಸಂತೋಷ. ಆದರೆ ಕಲಿಸಬಲ್ಲ ಉಸ್ತಾದರ ಮುಂದೆ ನಾಲ್ಕು ಮಕ್ಕಳನ್ನು ನಿಲ್ಲಿಸುವ ಯೋಚನೆ ಯಾರಿಗೂ ಬರುತ್ತಿಲ್ಲ.

ಗರಡಿಯೂ ತನ್ನ ಬಾಗಿಲನ್ನು ತಾನೇ ಕಿರಿದು ಮಾಡಿಕೊಂಡಿದೆ. ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆಯಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಕರಾಟೆ, ಟೇಕ್ವಾಂಡೊ ಮೊದಲಾದ ಆತ್ಮರಕ್ಷಣೆಯ ವಿದ್ಯೆ ಕಲಿಸಲಾಗುತ್ತದೆ. ಅದೇ ಹುಡುಗಿ ತನ್ನ ಊರಿನ ಗರಡಿಯ ಹೊಸಿಲು ತುಳಿಯುವುದು ಇಂದಿಗೂ ಅಪರೂಪ. ಇದು ಸಂಪ್ರದಾಯ, ಮುಟ್ಟಬಾರದು ಎನ್ನುವವರು 1530ರ ದಶಕದ ಫೆರ್ನಾವ್ ನೂನಿಜ್‌ನ ಬರಹ ನೋಡಬೇಕು: ವಿಜಯನಗರದ ಅರಮನೆಯಲ್ಲಿ ಕುಸ್ತಿ ಹಿಡಿಯುವ ಹೆಂಗಸರಿದ್ದರೆಂದು ಅವನು ಹೇಳುತ್ತಾನೆ. 2016ರ ರಿಯೊ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದು ವರ್ಷಗಳೇ ಕಳೆದವು. ಮೈಸೂರು ದಸರಾ ಮಹಿಳೆಯರಿಗೂ ಕಣ ತೆರೆದಿದೆ, ನಾಡಕುಸ್ತಿಯ ಪಕ್ಕದಲ್ಲೇ ಮ್ಯಾಟಿನ ಪಾಯಿಂಟ್ ಕುಸ್ತಿಯನ್ನೂ ನಡೆಸುತ್ತದೆ. ಅದರಿಂದ ನಾಡಕುಸ್ತಿ ಬಡವಾಗಿಲ್ಲ.

ಹಾಗಾಗಿ ನನ್ನ ಕೋರಿಕೆ ಕುರುಗೋಡು, ಸಿರುಗುಪ್ಪ ಕಡೆಯ ಜಾತ್ರಾ ಸಮಿತಿಗಳಿಗೆ. ನಮ್ಮ ಭಾಗದಲ್ಲಿ ಕುಸ್ತಿಯ ನಿಯಮ ಮಾಡುವವರು ನೀವೇ. ಜೋಡಿ ಕಟ್ಟುವಾಗ ಕಣ್ಣಳತೆ ಬಿಟ್ಟು ತೂಕದ ಯಂತ್ರ ಇಡಿ. ಹೆಚ್ಚುಕಮ್ಮಿ ತೂಕದವರನ್ನು ಎದುರುಬದುರು ಬಿಟ್ಟು ಕುತ್ತಿಗೆ ಮುರಿಸಬೇಡಿ. ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಗೆ ಬಹುಮಾನ ಕೊಡಬೇಡಿ. ಚಿತ್ ಮಾಡಿದರೇ ಗೆಲುವೆಂಬ ಮಣ್ಣಿನ ನಿಯಮವನ್ನು ಉಳಿಸಿಕೊಳ್ಳಿ, ಅದರ ಜೊತೆಗೇ ಹುಡುಗರಿಗೂ ಹುಡುಗಿಯರಿಗೂ ಮ್ಯಾಟಿನ ಕೆಲವು ಜೋಡಿಗಳನ್ನು ಬಿಡಿ. ಬಹುಮಾನದ ಬೆಳ್ಳಿ ಕಡಗಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಊರಿನ ಗರಡಿಯ ಉಸ್ತಾದರಿಗೆ ವರ್ಷವಿಡೀ ಕಲಿಸಲು ಕೊಡಿ. ಮುಂದಿನ ಜಾತ್ರೆಯ ಕರಪತ್ರ ಅಚ್ಚಾಗುವ ಮೊದಲೇ ಇದನ್ನು ತೀರ್ಮಾನಿಸಿ.