ಅಂಬಿಗನ ಹಂಗು

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಎಂಟನೆಯ ತರಗತಿಯ ಮಕ್ಕಳಿಗೆ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ‘ಉಪಕಾರ ಮಾಡಿದವರನ್ನು ಮರೆಯಬಾರದು’ ಎಂದು ಮಕ್ಕಳೂ ಶ್ರದ್ಧೆಯಿಂದ ಬರೆದು ಹತ್ತಕ್ಕೆ ಏಳೋ ಎಂಟೋ ಪಡೆದಿದ್ದಾರೆ. ಹೊಳೆ ದಾಟಿದ ಮೇಲಿನ ಮಾತು ಹಾಗಿರಲಿ, ದಾಟುತ್ತಿರುವಾಗಲೇ ಅಂಬಿಗನೊಡನೆ ಹೇಗಿರಬೇಕು ಎಂಬ ಪ್ರಶ್ನೆ ಮಾತ್ರ ನನ್ನ ತಲೆಗೆ ಐವತ್ತಾರು ವರ್ಷದವರೆಗೂ ಬಂದಿರಲಿಲ್ಲ. ಅದನ್ನು ತಂದದ್ದು ಒಂದು ಪ್ರವಾಸಿ ಹಡಗು ಮತ್ತು ಒಂದು ಸಿನಿಮಾ.

ಸಿನಿಮಾದ ಹೆಸರು ‘ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್’. ಸ್ವೀಡನ್ನಿನ ರೂಬೆನ್ ಊಸ್ಟ್‌ಲುಂಡ್ ನಿರ್ದೇಶಿಸಿದ್ದು. 2022ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದದ್ದು. ಹೆಸರಿನ ಅರ್ಥ ಮೊದಲ ದೃಶ್ಯಗಳಲ್ಲೇ ತಿಳಿಯುತ್ತದೆ. ಎರಡು ಹುಬ್ಬುಗಳ ನಡುವೆ, ಚಿಂತೆಯಾದಾಗ ಗೆರೆ ಮೂಡುತ್ತದಲ್ಲ, ಆ ಜಾಗ. ನಮ್ಮ ಮಾತಿನಲ್ಲಿ ಹುಬ್ಬುಗಂಟು. ಫ್ಯಾಷನ್ ಲೋಕದ ಹುಡುಗರ ಮುಖದಲ್ಲಿ ಅದು ಕಾಣಕೂಡದು. ಮುಂದೆ ಕಥೆ ಹಡಗಿಗೆ ಬಂದಾಗ, ಹಡಗಿನ ನೌಕರರ ಮುಖದಲ್ಲೂ ಅದು ಕಾಣಕೂಡದು ಎಂದು ಗೊತ್ತಾಗುತ್ತದೆ.

ಹಡಗು ಕೋಟ್ಯಧೀಶರ ವಿಹಾರ ನೌಕೆ. ಪ್ರವಾಸ ಶುರುವಾಗುವ ಹೊತ್ತಿಗೆ ಪೌಲಾ ಎಂಬ ಮೇಲ್ವಿಚಾರಕಿ ತನ್ನ ಕೈಕೆಳಗಿನವರಿಗೆ ಒಂದೇ ಪಾಠ ಹೇಳುತ್ತಾಳೆ. ಅತಿಥಿಗಳು ಏನೇ ಕೇಳಲಿ, ಇಲ್ಲ ಎನ್ನಬೇಡಿ. ಕೊನೆಯಲ್ಲಿ ಕೈತುಂಬ ಟಿಪ್ಸ್ ಸಿಗಬಹುದು. ಯಂತ್ರದಿಂದ ಓಡುವ ಆ ಹಡಗಿನ ಹಾಯಿಗಳು ಕೊಳಕಾಗಿವೆ ಎಂದು ಒಬ್ಬ ಹೆಂಗಸು ದೂರುತ್ತಾಳೆ. ಅಲ್ಲಿ ಹಾಯಿಯೇ ಇಲ್ಲ. ಆದರೂ ತೊಳೆಸಿಕೊಡುತ್ತೇವೆ ಎಂಬ ಉತ್ತರವೇ ಅವಳಿಗೆ ಸಿಗುತ್ತದೆ. ಇಲ್ಲಿ ನಾನೂ ಜೋರಾಗಿ ನಕ್ಕೆ.

ಆಮೇಲಿನ ಎರಡು ಪ್ರಸಂಗಗಳಿಗೆ ನನ್ನ ನಗು ನಿಂತಿತು. ಮೊದಲನೆಯದು ಕಾರ್ಲ್ ಎಂಬ ಯುವಕನದು. ಅಂಗಿ ತೆಗೆದು ಕೆಲಸ ಮಾಡುತ್ತಿದ್ದ ಒಬ್ಬ ನೌಕರನನ್ನು ಅವನ ಗೆಳತಿ ಯಾಯಾ ಮೆಚ್ಚುಗೆಯಿಂದ ನೋಡುತ್ತಾಳೆ. ಕಾರ್ಲ್‌ಗೆ ಹೊಟ್ಟೆಕಿಚ್ಚು. ದೂರು ಅಲ್ಲ, ಸುಮ್ಮನೆ ಹೇಳುತ್ತಿದ್ದೇನೆ ಎಂಬ ಧಾಟಿಯಲ್ಲಿ ಪೌಲಾಳ ಕಿವಿಗೆ ಒಂದು ಮಾತು ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ಆ ನೌಕರ ದೋಣಿಯಲ್ಲಿ ಕೂತು ಹಡಗು ಬಿಟ್ಟು ಹೋಗುವುದು ಕಾಣುತ್ತದೆ. ಕೆಲಸ ಹೋಯಿತು.

ಎರಡನೆಯದು ವೆರಾ ಎಂಬ ಶ್ರೀಮಂತ ರಷ್ಯನ್ ಹೆಂಗಸಿನದು. ಬಿಸಿನೀರಿನ ತೊಟ್ಟಿಯಲ್ಲಿ ಕೂತವಳಿಗೆ, ಪಾನೀಯ ತಂದ ಪರಿಚಾರಿಕೆಯ ಮೇಲೆ ಪ್ರೀತಿ ಉಕ್ಕುತ್ತದೆ. ನಾವೆಲ್ಲ ಸಮಾನರು, ನೀನೂ ಬಾ, ನೀರಿಗಿಳಿ, ಸುಖಪಡು ಎನ್ನುತ್ತಾಳೆ. ಹುಡುಗಿ ಆಗುವುದಿಲ್ಲ ಎನ್ನುತ್ತಾಳೆ. ನನಗೇ ಇಲ್ಲ ಎನ್ನುತ್ತೀಯಾ ಎಂಬ ಪ್ರಶ್ನೆ ಬರುತ್ತದೆ. ಹುಡುಗಿ ಇಳಿಯಲೇಬೇಕಾಗುತ್ತದೆ. ಕೊನೆಗೆ ಇಡೀ ಹಡಗಿನ ನೌಕರರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸಾಲಾಗಿ ಸಮುದ್ರಕ್ಕೆ ಜಾರಬೇಕಾಗುತ್ತದೆ. ಒಲೆಯ ಮುಂದಿನಿಂದ ಎದ್ದುಬಂದ ಅಡುಗೆಯವರೂ ಸೇರಿ.

ಇದನ್ನು ನೋಡುತ್ತ ನನಗೆ ನೆನಪಾದದ್ದು ಕೋಡುಬಳೆ. ಯಾಕೆಂದು ಹೇಳುತ್ತೇನೆ.

ಮಗಳು, ಅಳಿಯ ಸಿಂಗಪುರದಲ್ಲಿದ್ದಾರೆ. ಒಂದು ಬೇಸಿಗೆ ರಜೆಯಲ್ಲಿ ಹೋದಾಗ ನಮ್ಮಿಬ್ಬರನ್ನೂ ನಾಲ್ಕು ರಾತ್ರಿಯ ಹಡಗು ಪ್ರವಾಸಕ್ಕೆ ಕರೆದೊಯ್ದರು. ಪೆನಾಂಗ್, ಫುಕೆಟ್ ಮುಟ್ಟಿ ವಾಪಸು. ಹಡಗೆಂದರೆ ಹಡಗಲ್ಲ, ನಮ್ಮ ತಾಲ್ಲೂಕು ಕೇಂದ್ರವನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗಿತ್ತು. ನಮ್ಮ ಕೋಣೆ ಚೊಕ್ಕಟ ಮಾಡಲು ಬಂದ ಹುಡುಗ ನಾನು ನಮ್ಮವರೊಡನೆ ಆಡಿದ ಮಾತು ಕೇಳಿ ಬಾಗಿಲಲ್ಲೇ ನಿಂತ. “ನೀವು ಕನ್ನಡದವರಾ? ನಂದು ಕುಂದಾಪ್ರ ಬದಿ ಅಮ್ಮಾ” ಎಂದ.

ನನ್ನ ಸಂಭ್ರಮ ಕೇಳಬೇಕೆ? ಸಮುದ್ರದ ನಡುವೆ ಕನ್ನಡ! “ಬಾರಪ್ಪಾ, ಕೂತ್ಕೋ” ಎಂದೆ. “ಇಲ್ಲಮ್ಮಾ, ಇನ್ನೂ ಸುಮಾರು ರೂಮುಗಳಿವೆ” ಎಂದ. “ಐದು ನಿಮಿಷಕ್ಕೆ ಏನೂ ಆಗಲ್ಲ. ನನ್ನ ಮಗನ ಹಾಗೆ ನೀನು” ಎಂದು ಊರಿಂದ ತಂದ ಕೋಡುಬಳೆ ಡಬ್ಬಿ ಬಿಚ್ಚಿದೆ. ಅವನು ಕುರ್ಚಿಯ ತುದಿಯಲ್ಲಿ ಕೂತ. ಎಷ್ಟು ಓದಿದ್ದೀಯ, ತಂಗಿಗೆ ಮದುವೆ ಆಯಿತೇ, ಸಂಬಳ ಎಷ್ಟು, ಊರಿಗೆ ಯಾವಾಗ ಹೋಗುತ್ತೀಯ ಎಂದು ಸಂದರ್ಶನವನ್ನೇ ನಡೆಸಿದೆ. ಎಂಟು ತಿಂಗಳ ಕರಾರು, ನಡುವೆ ಊರಿಗೆ ಹೋಗುವ ಹಾಗಿಲ್ಲ, ಭಾನುವಾರವೆಂಬುದೂ ಇಲ್ಲ ಎಂದ. ಅವನು ನಗುತ್ತಲೇ ಇದ್ದ. ಆ ನಗು ನನಗಾಗಿ ಎಂದುಕೊಂಡೆ. ಐದು ನಿಮಿಷ ಇಪ್ಪತ್ತಾಯಿತು.

ಸಂಜೆ ಪಕ್ಕದ ಕೋಣೆಯ ಗಂಡಸು ಮೊಗಸಾಲೆಯಲ್ಲಿ ನಿಂತು ಮೇಲ್ವಿಚಾರಕನ ಮೇಲೆ ರೇಗುತ್ತಿದ್ದರು. ತಾವು ಊಟ ಮುಗಿಸಿ ಬಂದರೂ ಕೋಣೆ ಗುಡಿಸಿರಲಿಲ್ಲವಂತೆ. ಹುಡುಗ ತಲೆ ತಗ್ಗಿಸಿ ‘ಸಾರಿ ಸರ್’ ಎನ್ನುತ್ತಿದ್ದ. ತಡವಾದದ್ದು ನನ್ನಿಂದ ಎಂದು ಹೇಳಲು ಎರಡು ಹೆಜ್ಜೆ ಮುಂದೆ ಹೋಗಬೇಕಿತ್ತು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ‘ತಪ್ಪನ್ನು ಒಪ್ಪಿಕೊಳ್ಳಬೇಕು’ ಎಂದು ಹೇಳಿಕೊಟ್ಟವಳು ನಾನು.

ಇಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ದಿನ ಒಂದು ಫಾರಂ ಕೊಟ್ಟರು. ಕೋಣೆಯ ಸೇವೆಗೆ ಹತ್ತಕ್ಕೆ ಎಷ್ಟು ಅಂಕ? ಅಂಕ ಹಾಕುವುದೆಂದರೆ ನಮ್ಮ ಕಸುಬು. ಪ್ರಬಂಧಕ್ಕೆ ನಾನು ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವಳಲ್ಲ. ಎಂಟು ಸಿಕ್ಕಿದ ಹುಡುಗ ಮನೆಗೆ ಕುಣಿಯುತ್ತ ಹೋಗುತ್ತಾನೆ. ಹುಡುಗನ ಮೇಲಿನ ಅಭಿಮಾನದಿಂದ ಎಂಟು ಹಾಕಿ, ಪೆಟ್ಟಿಗೆಗೂ ಹಾಕಿ ಬಂದೆ. ಮಗಳು ಕೇಳಿ ಹಣೆ ಚಚ್ಚಿಕೊಂಡಳು. “ಅಮ್ಮಾ, ಇಲ್ಲಿ ಎಂಟು ಅಂದ್ರೆ ಫೇಲು. ಅದು ಕಂಪ್ಲೇಂಟ್ ಲೆಕ್ಕ. ಮುಂದಿನ ಕರಾರು ಕೊಡೋವಾಗ ಇವನ್ನೆಲ್ಲ ನೋಡ್ತಾರಂತೆ.” ಪೆಟ್ಟಿಗೆಯಿಂದ ಫಾರಂ ವಾಪಸು ತೆಗೆಯುವ ಹಾಗಿರಲಿಲ್ಲ.

ಈಗ ಸಿನಿಮಾಕ್ಕೆ ಮರಳೋಣ. ವೆರಾಳನ್ನು ನೋಡಿ ಹಣದ ಕೊಬ್ಬು ಎಂದು ನಗಬಹುದು. ಆದರೆ ಅವಳು ಬೈಯಲಿಲ್ಲ, ಹೊಡೆಯಲಿಲ್ಲ, ಉಪಚಾರ ಮಾಡಿದಳು. ಅವಳ ನೀರಿನ ತೊಟ್ಟಿಗೂ ನನ್ನ ಕೋಡುಬಳೆ ಡಬ್ಬಿಗೂ ವ್ಯತ್ಯಾಸ ಬೆಲೆಯಲ್ಲಿ ಮಾತ್ರ. ಇಬ್ಬರೂ ಇಲ್ಲ ಎನ್ನಲಾಗದವರ ಮುಂದೆ ಪ್ರೀತಿಯನ್ನು ಹಿಡಿದೆವು. ಇಬ್ಬರಿಗೂ ಬೇಕಾಗಿದ್ದದ್ದು ಅವರ ಸುಖವಲ್ಲ, ನಮ್ಮ ಒಳ್ಳೆಯತನಕ್ಕೆ ಅವರ ಮುಖದ ಸಾಕ್ಷಿ. ಹಡಗಿನ ಮರ್ಯಾದೆಯ ಬಗ್ಗೆ ಹೇಳುವವರು ಸಾಮಾನ್ಯವಾಗಿ ಒರಟುತನವನ್ನು ಕುರಿತು ಹೇಳುತ್ತಾರೆ. ಚಿಟಿಕೆ ಹೊಡೆದು ಕರೆಯಬೇಡಿ, ಹೆಸರು ಹಿಡಿದು ಮಾತಾಡಿಸಿ ಎಂದು. ಅದೆಲ್ಲ ಸರಿಯೇ. ಆದರೆ ಒರಟುತನ ಎದ್ದು ಕಾಣುತ್ತದೆ; ಕಾಣದೆ ಕಾಡುವುದು ಇಂಥ ಕರುಣೆ. ಇದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ.

ಆದರೂ ಊಸ್ಟ್‌ಲುಂಡ್ ಅವರ ಮೇಲೆ ನನಗೆ ತಕರಾರಿದೆ. ಚಿತ್ರದ ಕೊನೆಯ ಭಾಗದಲ್ಲಿ ಹಡಗು ನಾಶವಾಗಿ ಕೆಲವರು ಒಂದು ದಡ ಸೇರುತ್ತಾರೆ. ಹಡಗಿನಲ್ಲಿ ಶೌಚಾಲಯಗಳ ಮೇಲ್ವಿಚಾರಣೆ ಮಾಡುತ್ತಿದ್ದ ಅಬಿಗೇಲ್‌ಗೆ ಮೀನು ಹಿಡಿಯಲು, ಬೆಂಕಿ ಹೊತ್ತಿಸಲು ಬರುತ್ತದೆ. ಉಳಿದವರಿಗೆ ಏನೂ ಬಾರದು. ಇಲ್ಲಿ ನಾನೇ ಕ್ಯಾಪ್ಟನ್ ಎಂದು ಅವಳು ಎಲ್ಲರಿಂದ ಹೇಳಿಸಿಕೊಂಡೇ ತುತ್ತು ಹಂಚುತ್ತಾಳೆ. ಫಿಲಿಪ್ಪೀನ್ಸಿನ ನಟಿ ಡಾಲಿ ಡಿ ಲಿಯೊನ್ ಈ ಪಾತ್ರವನ್ನು ಮಾಡಿರುವ ರೀತಿ ಮರೆಯುವಂಥದ್ದಲ್ಲ. ಆದರೆ ಅಧಿಕಾರ ಸಿಕ್ಕೊಡನೆ ಅವಳೂ ಶ್ರೀಮಂತರಂತೆಯೇ ಆಗುತ್ತಾಳೆ. ಯಾರು ಮೇಲಿದ್ದರೂ ಇಷ್ಟೇ ಎಂದು ನಿರ್ದೇಶಕರು ಕೈತೊಳೆದುಕೊಳ್ಳುತ್ತಾರೆ. ಹಾಗಾದರೆ ಮರ್ಯಾದೆ ಎಂಬುದಕ್ಕೆ ಅರ್ಥವೇ ಇಲ್ಲವೇ? ಅದು ಬರೀ ಬಲವಿದ್ದವರ ಆಟವೇ? ಅಬಿಗೇಲ್ ನಮಗೆ ಮನುಷ್ಯಳಾಗಿ ಕಾಣಬೇಕಾದರೆ ಹಡಗೇ ಮುಳುಗಬೇಕಾಯಿತು ಎಂಬುದೂ ನನಗೆ ಹಿಡಿಸಲಿಲ್ಲ. ಮುಳುಗದ ಹಡಗಿನಲ್ಲಿ, ದಿನನಿತ್ಯದ ಕೆಲಸದ ನಡುವೆ ಅವಳು ಏನು ಯೋಚಿಸುತ್ತಿದ್ದಳು? ಪ್ರಯಾಣಿಕರು ವಾಂತಿ ಮಾಡಿಕೊಳ್ಳುವುದನ್ನು ಅಷ್ಟು ಹೊತ್ತು ತೋರಿಸುವ ಕ್ಯಾಮೆರಾ, ಅದನ್ನು ಬಳಿಯುವವರ ಮುಖದ ಮೇಲೆ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಮುಳುಗದ ಹಡಗಿನ ಕಥೆ ಬೇಕೆಂದರೆ ನಿಜಜೀವನದಲ್ಲೇ ಇದೆ. 2020ರ ಫೆಬ್ರವರಿಯಲ್ಲಿ ಕೊರೋನಾ ಕಾಣಿಸಿಕೊಂಡದ್ದರಿಂದ ‘ಡೈಮಂಡ್ ಪ್ರಿನ್ಸೆಸ್’ ಎಂಬ ಹಡಗನ್ನು ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಒಟ್ಟು 3,711 ಜನ. ಅವರಲ್ಲಿ 138 ಭಾರತೀಯರು. ಪ್ರಯಾಣಿಕರು 6, ಉಳಿದ 132 ಜನ ಹಡಗಿನ ಕೆಲಸದವರು. ಪ್ರಯಾಣಿಕರನ್ನು ಕೋಣೆಗಳಲ್ಲಿ ಪ್ರತ್ಯೇಕವಾಗಿಟ್ಟರು. ಆದರೆ ಅವರ ಬಾಗಿಲಿಗೆ ಮೂರು ಹೊತ್ತು ಊಟ ತಲುಪಿಸುವವರು ಯಾರು? ನೌಕರರು ದುಡಿಯುತ್ತಲೇ ಇದ್ದರು, ಹಂಚಿಕೊಂಡ ಕೋಣೆಗಳಲ್ಲಿ ಮಲಗುತ್ತಿದ್ದರು. ಮೊದಮೊದಲು ಸೋಂಕು ಖಚಿತವಾದ 20 ನೌಕರರಲ್ಲಿ 15 ಜನ ಊಟದ ವಿಭಾಗದವರು. ಒಟ್ಟು ಸೋಂಕಿತರು 700 ದಾಟಿದರು. ಪ್ರಯಾಣಿಕರು ಇಳಿದು ಹೋದ ಮೇಲೆಯೇ ನೌಕರರ ಸರದಿ ಬಂದದ್ದು. ಆಗ ಪೇಪರಿನಲ್ಲಿ ಓದಿ ‘ಪಾಪ’ ಎಂದು ಮಡಿಸಿ ಇಟ್ಟಿದ್ದೆ. ಆ 132 ಜನರಲ್ಲಿ ಇಂಥದೇ ಕುಂದಾಪುರದ ಹುಡುಗ ಇದ್ದಿರಬಹುದೆಂದು ಹೊಳೆದಿರಲಿಲ್ಲ.

ಇಲ್ಲಿ ಯಾವ ಪ್ರಯಾಣಿಕನೂ ಒರಟನಾಗಿರಬೇಕಿರಲಿಲ್ಲ. ಬಾಗಿಲಲ್ಲಿ ತಟ್ಟೆ ತೆಗೆದುಕೊಂಡು ಮನಸಾರೆ ‘ಥ್ಯಾಂಕ್ಯೂ’ ಎಂದರೂ, ಆ ಬಾಗಿಲಿನ ಒಳಗಿರುವವನಿಗೂ ಹೊರಗಿರುವವನಿಗೂ ಇದ್ದ ಅಂತರ ಹಾಗೆಯೇ ಇತ್ತು. ಮರ್ಯಾದೆ ಬರೀ ನಾಲಿಗೆಯದಲ್ಲ, ಅವರ ಹೊತ್ತಿನದು, ಅವರ ದುಡ್ಡಿನದು ಎನ್ನುವುದಕ್ಕೆ ಇದನ್ನು ಹೇಳಿದೆ.

ಹೊತ್ತಿನ ಲೆಕ್ಕ ನೋಡಿ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಆದ, 2013ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಡಂಬಡಿಕೆಯೊಂದಿದೆ. ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ದಿನಕ್ಕೆ 14, ವಾರಕ್ಕೆ 72 ಗಂಟೆ ಮೀರಬಾರದು. ಇಲ್ಲವೇ ವಿಶ್ರಾಂತಿ ದಿನಕ್ಕೆ 10, ವಾರಕ್ಕೆ 77 ಗಂಟೆಗೆ ಕಡಿಮೆಯಾಗಬಾರದು. ವಾರಕ್ಕೆ 168 ಗಂಟೆ. 77 ಕಳೆದರೆ 91. ಎರಡನೆಯ ಲೆಕ್ಕ ಹಿಡಿದ ಕಡೆ ಅಷ್ಟರವರೆಗೆ ದುಡಿಸಿದರೂ ಕಾನೂನು ಮುರಿದಂತಲ್ಲ. ಅಂಥವನ ಇಪ್ಪತ್ತು ನಿಮಿಷವನ್ನು ನಾನು ಕೋಡುಬಳೆಗೆ ಕೊಂಡೆ.

ದುಡ್ಡಿನ ವಿಷಯ ಇನ್ನೂ ನಾಚಿಕೆಗೇಡು. ಅನೇಕ ಹಡಗುಗಳಲ್ಲಿ ನೌಕರರ ಟಿಪ್ಸನ್ನು ದಿನಕ್ಕೆ ತಲೆಗೆ ಇಷ್ಟು ಡಾಲರ್ ಎಂದು ಬಿಲ್ಲಿಗೇ ಸೇರಿಸುತ್ತಾರೆ. ಕೌಂಟರಿನಲ್ಲಿ ಕೇಳಿದರೆ ತೆಗೆಯುವುದೂ ಉಂಟು. ನಮ್ಮ ಹಡಗಿನಲ್ಲಿ ಕೊನೆಯ ರಾತ್ರಿ ಅದಕ್ಕೆಂದೇ ಒಂದು ಸಾಲು ನಿಂತಿತ್ತು. ನಾಲ್ಕು ದಿನ ನೌಕರರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡವರೂ ಅದರಲ್ಲಿದ್ದರು. “ಅವರಿಗೆ ಸಂಬಳ ಕೊಡಲ್ವೇ?” ಎಂದು ನಮ್ಮವರೂ ಏಳುತ್ತಿದ್ದರು. ಮಗಳು ಕೈಹಿಡಿದು ಕೂರಿಸಿದಳು. ಸಂಬಳವನ್ನು ಕಂಪನಿಯೇ ಪೂರ್ತಿ ಕೊಡಬೇಕು, ಪ್ರಯಾಣಿಕರ ಮರ್ಜಿಗೆ ಬಿಡಬಾರದು ಎಂಬ ವಾದ ನ್ಯಾಯವಾದದ್ದೇ. ಆದರೆ ಅದನ್ನು ಕಂಪನಿಗೆ ಕಾಗದ ಬರೆದು ಹೇಳಬೇಕು. ಹುಡುಗನ ಪಾಲು ಕಿತ್ತುಕೊಂಡು ಅಲ್ಲ.

ಹಾಗಾಗಿ ಪಾಠ ಹೇಳುವ ಚಾಳಿ ಬಿಡಲಾಗದ ನನ್ನಿಂದ ಇಷ್ಟು: ಕೋಣೆಯನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಿ. ‘ಇಲ್ಲ’ ಎಂದರೆ ಅದೇ ಉತ್ತರ ಎಂದು ತಿಳಿಯಿರಿ, ಎರಡನೆಯ ಸಲ ಒತ್ತಾಯ ಬೇಡ. ಅವರಿಂದ ನಗುವನ್ನು ಕೇಳಬೇಡಿ. ಟಿಪ್ಸಿಗೆ ಕೈಹಾಕಬೇಡಿ. ತಪ್ಪು ನಿಮ್ಮದಾಗಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ ಹೇಳಿ. ಅಂಕ ಕೊಡಬೇಕಾಗಿ ಬಂದರೆ ಅಲ್ಲಿ ಎಷ್ಟಕ್ಕೆ ಪಾಸು ಎಂದು ಮೊದಲು ಕೇಳಿ.

ಚಿತ್ರದ ಕೊನೆಯಲ್ಲಿ, ಆ ದಡದ ಹಿಂದೆಯೇ ಒಂದು ಐಷಾರಾಮಿ ಹೋಟೆಲಿದೆ ಎಂದು ತಿಳಿದಾಗ, ಯಾಯಾ ಅಬಿಗೇಲ್‌ಗೆ ತನ್ನ ಸಹಾಯಕಿಯಾಗಿ ಕೆಲಸಕ್ಕೆ ಸೇರಬಹುದು ಎನ್ನುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ. ಅವಳ ಹಿಂದೆ ಅಬಿಗೇಲ್ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದಾಳೆ. ಎತ್ತಿ ಹಾಕಿದಳೇ ಇಲ್ಲವೇ ಎಂದು ನಿರ್ದೇಶಕರು ಹೇಳುವುದಿಲ್ಲ. “ಯಾಯಾ ಒಳ್ಳೇದೇ ತಾನೇ ಹೇಳಿದ್ದು?” ಎಂದರು ನಮ್ಮವರು. ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಗಳ ಕೈಲಿ ಆ ಕಂಪನಿಗೆ ಒಂದು ಕಾಗದ ಬರೆಸಿದೆ. ಕೋಣೆಯ ಸಂಖ್ಯೆ, ತಾರೀಖು, ತಡವಾದದ್ದು ನನ್ನಿಂದ, ಎಂಟಲ್ಲ ಹತ್ತು ಎಂದು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಎರಡು ಸಾಲಿನ ಉತ್ತರ ಬಂತು. ಹುಡುಗನ ಕರಾರು ಏನಾಯಿತೋ ತಿಳಿಯಲಿಲ್ಲ. ಗಾದೆಯನ್ನು ಈ ವರ್ಷವೂ ಮಕ್ಕಳಿಗೆ ಕೊಟ್ಟೆ. ‘ಅಂಬಿಗನಿಗೆ ಸುಸ್ತಾಗಿದ್ದರೆ ಮಾತಾಡಿಸಬಾರದು’ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬರೆದಿದ್ದಳು. ವಿಷಯಕ್ಕೆ ಸಂಬಂಧವಿಲ್ಲವೆಂದು ಮೊದಲಾಗಿದ್ದರೆ ಅಂಕ ಕಳೆಯುತ್ತಿದ್ದೆ. ಅವಳಿಗೆ ಹತ್ತಕ್ಕೆ ಹತ್ತು ಹಾಕಿದೆ.