ನಾರ್ವಿಚ್ ಪಟ್ಟಣದ ಚಿತ್ರಕಾರರು

ಒಂದು ಜಿಲ್ಲಾ ಪಟ್ಟಣದ ಚಿತ್ರಕಾರರು ತಮ್ಮೂರಿನ ಹೊಳೆ, ಹಾದಿ, ಮರ, ಮೋಡಗಳನ್ನೇ ಬರೆದು, ತಮ್ಮೂರಿನದೊಂದು ಕೊಠಡಿಯ ಗೋಡೆಗೆ ಅವನ್ನು ತೂಗಹಾಕಿ, ತಮ್ಮೂರಿನ ಜನರನ್ನೇ ನೋಡಲು ಕರೆದರೆ, ಅಲ್ಲಿ ಹುಟ್ಟುವ ಕಲೆ ಊರಿನ ಎಲ್ಲೆಯನ್ನು ದಾಟೀತೆ? ರಾಜಧಾನಿಯ ಮನ್ನಣೆಯಿಲ್ಲದೆ ಕಲೆಗೆ ಬಾಳ್ವೆಯಿಲ್ಲವೆನ್ನುವವರೂ ಉಂಟು. ಊರಿನದೆಂಬಷ್ಟಕ್ಕೇ ಏನನ್ನಾದರೂ ಹೊಗಳುವವರೂ ಉಂಟು. ಈ ಎರಡು ಪಕ್ಷದವರೂ ನೋಡತಕ್ಕ ಉದಾಹರಣೆಯೊಂದು ಇಂಗ್ಲೆಂಡಿನ ಕಲಾಚರಿತ್ರೆಯಲ್ಲಿದೆ. ಅದು 1803ರಲ್ಲಿ ಹುಟ್ಟಿದ ನಾರ್ವಿಚ್ ಪಟ್ಟಣದ ಕಲಾವಿದರ ಸಂಘ. 1805ರಲ್ಲಿ ಮೊದಲ ಪ್ರದರ್ಶನವನ್ನು ನಡೆಸಿ, ನಡುವೆ ಒಂದೆರಡು ವರ್ಷ ತಡೆಬಿದ್ದರೂ ಮತ್ತೆ ಎದ್ದು, 1833ರಲ್ಲಿ ಅದು ಮುಚ್ಚಿಹೋಯಿತು. ಲಂಡನ್ನಿನ ಹೊರಗೆ ಆ ದೇಶದಲ್ಲಿ ಇಂಥ ಸಂಘ ಮೊದಲು ಹುಟ್ಟಿದ್ದು ಇಲ್ಲಿಯೇ.

ನಾರ್ವಿಚ್, ನಾರ್ಫಕ್ ಜಿಲ್ಲೆಯ ಮುಖ್ಯ ಪಟ್ಟಣ. ಉಣ್ಣೆಯ ನೇಯ್ಗೆಯಿಂದ ಶತಮಾನಗಳ ಕಾಲ ಬದುಕಿದ ಊರು. ಅದರ ಸುತ್ತಿನ ನೆಲದಲ್ಲಿ ಪರ್ವತವಿಲ್ಲ, ಜಲಪಾತವಿಲ್ಲ. ಕುರುಚಲು ಬೆಳೆದ ಬಯಲು, ಅವಸರವಿಲ್ಲದೆ ಹರಿಯುವ ವೆನ್ಸಮ್ ಮತ್ತು ಯಾರ್ ಎಂಬ ಹೊಳೆಗಳು, ದಡದಲ್ಲಿ ಗಾಳಿಗಿರಣಿಗಳು, ಮೇಲೆ ನೆಲಕ್ಕಿಂತ ಮೂರು ಪಾಲು ದೊಡ್ಡದಾಗಿ ಕಾಣುವ ಆಕಾಶ, ಅಲ್ಲಿರುವುದು ಇಷ್ಟೆ. ವೇಲ್ಸಿನ ಬೆಟ್ಟಗಳನ್ನೂ ಉತ್ತರದ ಸರೋವರಗಳನ್ನೂ ಹುಡುಕಿಕೊಂಡು ರಸಿಕರು ಪ್ರವಾಸ ಹೊರಡುತ್ತಿದ್ದ ಕಾಲದಲ್ಲಿ ಇಂಥ ನೆಲ ಚಿತ್ರಕ್ಕೆ ಬಡವಾದ ವಸ್ತುವೆಂದೇ ತೋರತಕ್ಕದ್ದು. ಆದರೆ ಸಮುದ್ರದ ಆಚೆಯ ದಡ ಹಾಲೆಂಡು. ಅಲ್ಲಿಯ ಹಾಬೆಮಾ, ರಾಯ್ಸ್‌ಡಾಲ್ ಮೊದಲಾದ ಹಿರಿಯರು ಇಂಥದೇ ತಗ್ಗು ನೆಲವನ್ನು ಬರೆದು ಕೃತಾರ್ಥರಾಗಿದ್ದರು. ಅವರ ಕೆಲವು ಚಿತ್ರಗಳು ನಾರ್ಫಕ್ಕಿನ ಸಿರಿವಂತರ ಮನೆಗಳಿಗೆ ಬಂದು ಸೇರಿದ್ದವು. ಊರಿನ ಚಿತ್ರಕಾರರಿಗೆ ಅವೇ ಪಾಠಶಾಲೆಯಾದವು. ಸ್ಥಳೀಯವೆಂಬ ಈ ಕಲೆಯ ಬೇರು ಹೀಗೆ ಪರದೇಶದ ನೆಲದಲ್ಲಿಯೂ ಇದ್ದಿತೆಂಬುದನ್ನು ಮರೆಯಲಾಗದು.

ಸಂಘದ ಹಿರಿಯ ಜಾನ್ ಕ್ರೋಮ್. 1768ರಲ್ಲಿ ಒಬ್ಬ ನೇಕಾರನ ಮಗನಾಗಿ ಹುಟ್ಟಿದವನು. ಹುಡುಗತನದಲ್ಲಿ ವೈದ್ಯನೊಬ್ಬನ ಮನೆಯಲ್ಲಿ ಓಡಾಟದ ಆಳಾಗಿದ್ದು, ಬಳಿಕ ಗಾಡಿಗಳಿಗೆ ಬಣ್ಣ ಹಚ್ಚುವ, ಅಂಗಡಿಗಳ ಫಲಕ ಬರೆಯುವ ಕಸಬಿನವನ ಬಳಿ ಏಳು ವರ್ಷದ ಕರಾರಿನ ಮೇಲೆ ಕೆಲಸ ಕಲಿತವನು. ಇವನೂ, ಇವನ ಗೆಳೆಯನಾಗಿ ಮುಂದೆ ಷಡ್ಡಕನೂ ಆದ ರಾಬರ್ಟ್ ಲ್ಯಾಡ್‌ಬ್ರೂಕನೂ ಮುಂದಾಗಿ ಕಟ್ಟಿದ ಸಂಘವು ಮೊದಮೊದಲು ಒಂದು ಪಾನಗೃಹದಲ್ಲಿ ಹದಿನೈದು ದಿನಕ್ಕೊಮ್ಮೆ ಸೇರುತ್ತಿತ್ತು. ಸದಸ್ಯರು ಸರದಿಯಂತೆ ಕಲೆಯ ವಿಚಾರವಾಗಿ ಪ್ರಬಂಧವನ್ನು ಓದಬೇಕು, ಆಮೇಲೆ ಚರ್ಚೆ, ಕೊನೆಗೆ ರೊಟ್ಟಿ ಗಿಣ್ಣಿನ ಊಟ. ಚಿತ್ರ, ವಾಸ್ತು, ಶಿಲ್ಪ ಈ ಮೂರರ ಹುಟ್ಟು ಬೆಳವಣಿಗೆಗಳನ್ನು ವಿಚಾರಿಸುವುದು ಸಂಘದ ಉದ್ದೇಶವೆಂದು ನಿಯಮಾವಳಿ ಗಂಭೀರವಾಗಿ ಸಾರಿತು. ಊಟದ ಮಾತು ಅದರಲ್ಲಿ ಅಷ್ಟು ಮುಖ್ಯವಲ್ಲವಾದರೂ ಸಂಘಗಳನ್ನು ಬಲ್ಲವರು ಅದನ್ನು ಅಲ್ಲಗಳೆಯಲಾರರು. 1805ರ ಪ್ರದರ್ಶನದಲ್ಲಿ ಇನ್ನೂರಕ್ಕೂ ಮಿಕ್ಕ ಕೃತಿಗಳಿದ್ದವು.

ಕ್ರೋಮನ ಚಿತ್ರಗಳನ್ನು ನೋಡಿದೊಡನೆ ಕಣ್ಣಿಗೆ ಬೀಳುವ ಗುಣ ಸಂಯಮ. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ಯಾರ್ ಹೊಳೆಯ ಮೇಲೆ ಚಂದ್ರೋದಯ’ ಎಂಬ ತೈಲಚಿತ್ರದಲ್ಲಿ ಗಾಳಿಗಿರಣಿ ಕಪ್ಪು ಆಕಾರವಾಗಿ ನಿಂತಿದೆ, ದೋಣಿ ಕಪ್ಪಾಗಿದೆ, ದಡ ಕಪ್ಪಾಗಿದೆ. ಬೆಳಕೆಂಬುದು ಚಂದ್ರನ ಸುತ್ತಲೂ ನೀರಿನ ಮೇಲೂ ಮಾತ್ರ. ಬೆಳದಿಂಗಳನ್ನು ಬರೆಯಹೊರಟ ಸಾಮಾನ್ಯ ಕಲಾವಿದನು ಚಿತ್ರವನ್ನೆಲ್ಲ ಬೆಳ್ಳಿಯಲ್ಲಿ ಅದ್ದಿಬಿಡುತ್ತಾನೆ. ಕ್ರೋಮನಾದರೋ ಕತ್ತಲೆಗೆ ಸಲ್ಲಬೇಕಾದುದನ್ನು ಕತ್ತಲೆಗೇ ಬಿಟ್ಟಿದ್ದಾನೆ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಹೇಳುವ ಗುಣ ಬಣ್ಣದಲ್ಲಿ ಹೇಗಿರುತ್ತದೆಂಬುದನ್ನು ತಿಳಿಯಬೇಕಾದವರಿಗೆ ಈ ಒಂದು ಚಿತ್ರ ಸಾಕು.

‘ಪೋರಿಂಗ್ಲೆಂಡಿನ ಓಕ್ ಮರ’ ಇದಕ್ಕಿಂತ ಪ್ರಸಿದ್ಧ. ನಾರ್ವಿಚ್ಚಿಗೆ ಸಮೀಪದ ಹಳ್ಳಿಯೊಂದರ ಒಂದು ಮರ, ಅದರ ಬುಡದಲ್ಲಿ ಕೊಳ, ಕೊಳದಲ್ಲಿ ಈಜುವ ಹುಡುಗರು, ಹಿಂದೆ ಸಂಜೆಯ ಕಾಂತಿ. ಮರವನ್ನು ಹಿನ್ನೆಲೆಯ ಅಲಂಕಾರವಾಗಿ ಬರೆದವರು ನೂರಾರು ಮಂದಿ. ಇಲ್ಲಿ ಮರವೇ ನಾಯಕ. ಕೊಂಬೆ ಯಾವ ಕಡೆ ಬಾಗಿದೆ, ಎಲೆಯ ಗುಂಪು ಎಲ್ಲಿ ಸಡಿಲವಾಗಿ ಆಕಾಶವನ್ನು ಒಳಗೆ ಬಿಟ್ಟಿದೆ ಎಂಬುದನ್ನೆಲ್ಲ, ಒಬ್ಬ ಹಿರಿಯ ನೆಂಟನ ಮುಖವನ್ನು ಬರೆಯುವವನ ಎಚ್ಚರದಿಂದ ಬರೆದಿದೆ. ಹುಡುಗರ ಆಕೃತಿಗಳು ಮಾತ್ರ ಸಡಿಲ. ಮನುಷ್ಯರನ್ನು ಬರೆಯುವುದರಲ್ಲಿ ಕ್ರೋಮನ ಕೈ ಅಷ್ಟು ನುರಿತದ್ದಲ್ಲ. ಅವನ ಶಿಷ್ಯ ಜೇಮ್ಸ್ ಸ್ಟಾರ್ಕ್ ಮೊದಲಾದವರು ಗುರುವಿನ ಮರಗಳನ್ನೇ ಮತ್ತೆ ಮತ್ತೆ ಬರೆದರು. ಎಲೆಗಳು ಬಂದವು, ಮರ ಬರಲಿಲ್ಲ.

ಕ್ರೋಮನ ‘ಮೌಸ್‌ಹೋಲ್ಡ್ ಬಯಲು’ ಹೆಚ್ಚಿನ ವಿಚಾರಕ್ಕೆ ಅರ್ಹವಾದದ್ದು. ಪಟ್ಟಣದ ಹೊರಗಿನ ಎತ್ತರದ ಬಯಲು ಅದು. ಮುಂಬದಿಯಲ್ಲಿ ಯಾರೂ ಲೆಕ್ಕಿಸದ ಕಳೆಗಿಡಗಳು. ಅವುಗಳಿಂದಾಚೆಗೆ ಬರಿಯ ನೆಲ ಮೆಲ್ಲನೆ ಏರಿ ಆಕಾಶಕ್ಕೆ ತಾಗುತ್ತದೆ. ಹೇಳಲು ಕಥೆಯಿಲ್ಲ, ತೋರಲು ಕಟ್ಟಡವಿಲ್ಲ. ಆದರೂ ನೋಡುವವನ ಎದೆ ಅಗಲವಾಗುತ್ತದೆ. ಇದು ಚಿತ್ರಿತವಾದದ್ದು 1818ರಿಂದ 1820ರ ಸುಮಾರಿನಲ್ಲಿ. ಬಡವರು ದನಕುರಿ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಆ ಸಾರ್ವಜನಿಕ ಬಯಲಿನ ಬಹುಭಾಗಕ್ಕೆ ಅಷ್ಟರೊಳಗೆ ಕಾನೂನಿನ ಬಲದಿಂದ ಬೇಲಿ ಬಿದ್ದು ಅದು ಖಾಸಗಿ ಹೊಲವಾಗುತ್ತ ಬಂದಿತ್ತು. ಚಿತ್ರದಲ್ಲಿ ಬೇಲಿಯಿಲ್ಲ. ಇದು ಕಳೆದುಹೋದುದಕ್ಕಾಗಿ ಸಲ್ಲಿಸಿದ ಮೌನವಾದ ಶೋಕವೋ, ಅಲ್ಲ, ಕೊಳ್ಳುವ ಶ್ರೀಮಂತರಿಗೆ ಇರಸುಮುರಸಾಗದಿರಲೆಂದು ಬೇಲಿಯನ್ನು ಕಾಣದಂತೆ ನಟಿಸಿದ್ದೋ ಎಂಬ ಪ್ರಶ್ನೆ ಏಳದಿರದು. ಚಿತ್ರದ ಗಾಂಭೀರ್ಯವನ್ನು ಕಂಡರೆ ಮೊದಲನೆಯದೇ ನಿಜವೆಂದು ಹೇಳಬೇಕೆನಿಸುತ್ತದೆ. ಹಾಗಿದ್ದರೂ ಈ ಪಂಥದ ಒಂದು ಕೊರತೆಯನ್ನು ಮುಚ್ಚಿಡಕೂಡದು. ನೇಕಾರರ ಊರಿನಲ್ಲಿ ಹುಟ್ಟಿ, ನೇಕಾರನ ಮಗನನ್ನೇ ಮುಂದಾಳಾಗಿ ಪಡೆದ ಈ ಕಲೆಯಲ್ಲಿ ಮಗ್ಗವೆಂಬುದು ಕಾಣಸಿಗುವುದೇ ಅಪರೂಪ. ಹೊಳೆದಂಡೆಯ ಹಳೆಯ ಗೋಡೆಗಳುಂಟು, ಬಣ್ಣ ಮಾಸಿದ ಮನೆಗಳುಂಟು. ಅವುಗಳ ಒಳಗೆ ಕೆಲಸ ಮಾಡುತ್ತಿದ್ದವರು ಹೊರಗೆ ಬರುವುದು ಕಡಮೆ.

ಅವರು ಹೊರಗೆ ಬಂದ ಒಂದು ದೊಡ್ಡ ಚಿತ್ರ ಜೋಸೆಫ್ ಸ್ಟ್ಯಾನರ್ಡನದು. 1824ರಲ್ಲಿ ಥಾರ್ಪ್ ಎಂಬಲ್ಲಿ ನಡೆದ ಜಲೋತ್ಸವವನ್ನು ಅದು ತೋರಿಸುತ್ತದೆ. ಎಡಗಡೆ ಸಿರಿವಂತರ ದೋಣಿ, ಅವರ ನಡುವೆ ಉತ್ಸವವನ್ನು ನಡೆಸಿದ ವರ್ತಕ, ಬಲಗಡೆಯ ದಡದ ತುಂಬ ಸಾಮಾನ್ಯ ಜನ, ನಡುವೆ ಹೊಳೆ. ಆಕಾಶ ಮನೋಹರವಾಗಿದೆ, ದೋಣಿಯ ಪಟಗಳು ಬೆಳಕಿನಲ್ಲಿ ತೊಯ್ದಿವೆ. ಎರಡು ಗುಂಪುಗಳ ನಡುವಿನ ನೀರನ್ನು ಯಾರೂ ದಾಟುತ್ತಿಲ್ಲವೆಂಬುದನ್ನು ಚಿತ್ರಕಾರನು ಬೇಕೆಂದೇ ತೋರಿದನೋ ಇಲ್ಲವೋ, ಚಿತ್ರ ತೋರುತ್ತದೆ. ಸ್ಟ್ಯಾನರ್ಡನು 1830ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ ತೀರಿಕೊಂಡನು. ಅವನ ಪತ್ನಿ ಎಮಿಲಿ ಹೂವು ಹಣ್ಣುಗಳ ಚಿತ್ರಗಳಲ್ಲಿ ಒಳ್ಳೆಯ ಹೆಸರು ಪಡೆದಳು. ಅದೇ ಬಗೆಯ ಕೆಲಸದಲ್ಲಿ ಜೇಮ್ಸ್ ಸಿಲೆಟ್ಟನೂ ನುರಿತವನು. ಅಚ್ಚುಕಟ್ಟು, ಆದರೆ ಅಚ್ಚುಕಟ್ಟಿಗಿಂತ ಮುಂದೆ ಹೋದುದಿಲ್ಲ.

ಈ ಸಂಘದಲ್ಲಿ ಪ್ರತಿಭೆಯ ದೃಷ್ಟಿಯಿಂದ ಎಲ್ಲರನ್ನೂ ಮೀರಿದವನು ಜಾನ್ ಸೆಲ್ ಕಾಟ್‌ಮನ್. 1782ರಲ್ಲಿ ನಾರ್ವಿಚ್ಚಿನಲ್ಲಿ ಕ್ಷೌರಿಕನ ಮಗನಾಗಿ ಹುಟ್ಟಿ, ಲಂಡನ್ನಿಗೆ ಹೋಗಿ, 1806ರಲ್ಲಿ ಊರಿಗೆ ಮರಳಿದನು. 1808ರ ಪ್ರದರ್ಶನ ಒಂದರಲ್ಲಿಯೇ ಅವನು 67 ಕೃತಿಗಳನ್ನಿಟ್ಟನು. 1811ರಲ್ಲಿ ಸಂಘದ ಅಧ್ಯಕ್ಷನಾದನು. ಅವನ ‘ಗ್ರೀಟಾ ಸೇತುವೆ’ ಎಂಬ ಜಲವರ್ಣಚಿತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಂದೇ ಕಮಾನಿನ ಸೇತುವೆ, ಕೆಳಗೆ ಬಂಡೆಗಳ ನಡುವೆ ನಿಂತಂತಿರುವ ನೀರು, ಹಿಂದೆ ದಟ್ಟವಾದ ಮರಗಳ ರಾಶಿ. ಕುಂಚದ ಓಡಾಟವೇ ಕಾಣದು. ಒಂದು ಬಣ್ಣದ ಹಾಳೆಯ ಪಕ್ಕಕ್ಕೆ ಇನ್ನೊಂದು ಬಣ್ಣದ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿದಂತೆ ನೆಲ, ನೀರು, ಕಲ್ಲು ಸೇರಿಕೊಂಡಿವೆ. ವಿವರವನ್ನು ಬಿಟ್ಟು ಆಕಾರವನ್ನು ಮಾತ್ರ ಉಳಿಸಿಕೊಂಡಿರುವ ಈ ರೀತಿಯಲ್ಲಿ ಹೇಳಿದುದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು ಕೇಳಿಸುತ್ತದೆ. ಕಾವ್ಯದಲ್ಲಿ ಅದಕ್ಕೆ ಧ್ವನಿಯೆಂಬ ಹೆಸರುಂಟು. ಒಂದು ಶತಮಾನ ಕಳೆದ ಮೇಲೆ, 1900ರಿಂದೀಚೆಗೆ, ಇದರ ಬೆಲೆ ವಿಮರ್ಶಕರಿಗೆ ಹೊಳೆಯಿತು. ಗ್ರೀಟಾ ಹೊಳೆ ಇರುವುದು ನಾರ್ಫಕ್ಕಿನಲ್ಲಲ್ಲ, ಆಗ ಯಾರ್ಕ್‌ಷೈರಿಗೆ ಸೇರಿದ್ದ ನೆಲದಲ್ಲಿ ಎಂಬುದೂ ಗಮನಿಸತಕ್ಕ ವಿಷಯ. ಊರಿನ ಪಂಥದ ಅತ್ಯುತ್ತಮ ಜಲವರ್ಣ ಊರಿನ ಹೊರಗಿನದು. ಸ್ಥಳದ ಮೇಲಿನ ಪ್ರೀತಿಯಿಂದ ಕ್ರೋಮನಿಗೆ ಬಂದ ಬಲ ಕಾಟ್‌ಮನ್ನನಿಗೆ ಬೇಕಾಗಿರಲಿಲ್ಲ. ಅವನಿಗೆ ಬೇಕಾದುದು ನೋಡಬಲ್ಲ ಕಣ್ಣುಗಳು, ಅವು ಊರಿನಲ್ಲಿ ಸಾಕಷ್ಟಿರಲಿಲ್ಲ.

ಊರು ಅವನಿಂದ ಕೇಳಿದ್ದು ಚಿತ್ರಗಳನ್ನಲ್ಲ, ಪಾಠವನ್ನು. ಗೃಹಸ್ಥರ ಮಕ್ಕಳು ನಕಲು ಮಾಡಿಕೊಳ್ಳಲೆಂದು ತನ್ನ ಚಿತ್ರಗಳನ್ನೇ ಚಂದಾದಾರರಿಗೆ ಎರವಲು ಕೊಡುವ ಒಂದು ಸಂಗ್ರಹವನ್ನು ಅವನು 1809ರಲ್ಲಿ ತೆರೆದನು. ಹೊಟ್ಟೆಪಾಡಿನ ಉಪಾಯವಾಗಿ ಇದನ್ನು ಹಳಿಯಲಾಗದು. ಆದರೆ ಅಂಥ ಕೈಯ ಕೆಲಸ ಮೇಲುಪಂಕ್ತಿಯ ಹಾಳೆಯಾಗಿ ಮನೆಮನೆ ತಿರುಗಿತೆಂದು ಓದುವಾಗ ಮನಸ್ಸು ಕುಗ್ಗುತ್ತದೆ. ಕ್ರೋಮನೂ ಪಾಠ ಹೇಳಿಯೇ ಬದುಕಿದವನು. ಸಂಘದ ಬಹುಮಂದಿ ಸದಸ್ಯರು ಹೀಗೆ ಒಬ್ಬರಿಗೊಬ್ಬರು ನೆಂಟರು, ಗುರುಶಿಷ್ಯರು, ಜೊತೆಗೆ ಒಂದೇ ಚಿಕ್ಕ ಪೇಟೆಯಲ್ಲಿ ಪೈಪೋಟಿ ನಡೆಸುವವರು. ಸಂಘದ ನಡವಳಿಕೆ ಬದಲಾಗಬೇಕೆಂದು ಲ್ಯಾಡ್‌ಬ್ರೂಕನು ಮುಂದಿಟ್ಟ ಸೂಚನೆಗಳು ತಿರಸ್ಕೃತವಾಗಲು, ಅವನು 1816ರಲ್ಲಿ ಕೆಲವರೊಡನೆ ಹೊರಬಿದ್ದು ಮೂರು ವರ್ಷ ಬೇರೆ ಪ್ರದರ್ಶನ ನಡೆಸಿದನು. ಒಂದು ಪ್ರದರ್ಶನಕ್ಕೇ ಕೊಳ್ಳುವವರು ಸಾಲದ ಊರಿನಲ್ಲಿ ಎರಡು ಪ್ರದರ್ಶನಗಳು!

1821ರಲ್ಲಿ ಕ್ರೋಮನು ತೀರಿಕೊಂಡಾಗ ನಾರ್ವಿಚ್ಚಿನ ಜನ ಅವನ ನೂರಕ್ಕೂ ಹೆಚ್ಚು ಚಿತ್ರಗಳನ್ನು ಒಂದೆಡೆ ಸೇರಿಸಿ ಪ್ರದರ್ಶಿಸಿದರು. ಬದುಕಿದ್ದವರಿಗೆ ಆ ಆದರ ಒದಗಲಿಲ್ಲ. ಸಂಘ ಮುಚ್ಚಿದ ಮರುವರ್ಷವೇ ಕಾಟ್‌ಮನ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಶಾಲೆಗೆ ಚಿತ್ರದ ಮೇಷ್ಟರಾಗಿ ಹೊರಟುಹೋದನು. ಮುಂದೆ ಊರಿನ ಸಾಸಿವೆಯ ವ್ಯಾಪಾರದಿಂದ ಸಿರಿವಂತರಾದ ಕೋಲ್ಮನ್ ಮನೆತನದವರು ಚೆದುರಿಹೋಗಿದ್ದ ಚಿತ್ರಗಳನ್ನು ಕೊಂಡು ಕೂಡಿಸಿ ಪಟ್ಟಣಕ್ಕೆ ಬಿಟ್ಟುಕೊಟ್ಟರು; ಹಳೆಯ ಕೋಟೆಯ ಮ್ಯೂಸಿಯಮ್ಮಿನಲ್ಲಿ ಅವು ಇಂದಿಗೂ ಇವೆ.

ಆ ಸಂಗ್ರಹದಲ್ಲಿ ಜಾನ್ ಥರ್ಟಲ್ಲನ ಜಲವರ್ಣಗಳೂ ಸೇರಿವೆ. ಥರ್ಟಲ್ ಚಿತ್ರಗಳಿಗೆ ಕಟ್ಟು ಹಾಕುವ ಕಸಬಿನವನು, ಕಾಟ್‌ಮನ್ನನ ಷಡ್ಡಕ, ಲ್ಯಾಡ್‌ಬ್ರೂಕನೊಡನೆ ಸಂಘ ಬಿಟ್ಟವರಲ್ಲಿ ಒಬ್ಬ. ವೆನ್ಸಮ್ ದಡದ ದೋಣಿಕಟ್ಟೆಗಳನ್ನೂ ಮಳೆ ಬಿಟ್ಟ ಬೀದಿಯನ್ನೂ ಅವನು ಬಹು ಕೋಮಲವಾಗಿ ಬರೆದನು. ಆಕಾಶದ ಬೂದಿಬಣ್ಣಕ್ಕೆ ಅವನು ನೀಲಿಯ ಜೊತೆಗೆ ಕೆಂಪನ್ನು ಬೆರೆಸುತ್ತಿದ್ದನು. ಬಿಸಿಲು ಬೆಳಕಿಗೆ ಆ ನೀಲಿ ಹಾರಿಹೋಗಿ, ಕೆಂಪು ಮಾತ್ರ ನಿಂತಿದೆ. ಅನೇಕ ಚಿತ್ರಗಳಲ್ಲಿ ನಡುಹಗಲಿನ ಮೋಡಗಳು ಸಂಜೆಯಂತೆ ಕೆಂಪೇರಿವೆ. ಅವನ್ನು ಅತಿಯಾಗಿ ಗೋಡೆಗೆ ತೂಗಹಾಕಿದ ಮನೆಗಳವರು ಅವನನ್ನು ಹೆಚ್ಚು ಮೆಚ್ಚಿದವರೇ ಆಗಿದ್ದರು.